ಢಬ್ ಢಬ್ ಕೇಳಿದವರು, ಎದೆಯಲ್ಲಿ ಕೇಳಿದವರು

‘ಸಿರಾತ್’ ನೋಡಿದವರ ಮಾತು ಹೆಚ್ಚಾಗಿ ಎರಡೇ ಬಗೆ. ‘ಏನ್ ಪಿಚ್ಚರ್ರೀ ಅದು, ಕಥಿ ಇಲ್ಲ ಏನಿಲ್ಲ, ಬರೇ ಢಬ್ ಢಬ್’ ಎನ್ನುವವರು ಒಂದು ಕಡೆ. ‘ಮುಗದ ಮ್ಯಾಲೂ ಎದಿ ಹೊಡಕೊಳ್ಳಾಕತ್ತಿತ್ತು’ ಎನ್ನುವವರು ಇನ್ನೊಂದು ಕಡೆ. ಕೊಪ್ಪಳ, ಗಂಗಾವತಿ, ರಾಯಚೂರಿನ ಥಿಯೇಟರುಗಳಿಗೆ ಇಂಥ ಚಿತ್ರ ಬರುವುದು ಕಡಿಮೆ. ಒಬ್ಬರು ಫೋನಿನಲ್ಲಿ ನೋಡಿರುತ್ತಾರೆ, ಇನ್ನೊಬ್ಬರು ಮನೆಯ ಟಿವಿಯಲ್ಲಿ, ಮತ್ತೊಬ್ಬರು ಯಾವುದೋ ಸಮುದಾಯ ಭವನದಲ್ಲಿ ಪ್ರೊಜೆಕ್ಟರ್ ಹಾಕಿಸಿಕೊಂಡು. ಹಾಗಾಗಿ ಸಭಾಂಗಣಗಳಿಗೆ ಸೌಂಡ್ ಹೊಂದಿಸುವ ಕಸುಬಿನವರಿಗೆ ಈ ಜಗಳ ಕಿವಿಗೆ ಬಿದ್ದಾಗ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಯಾವುದರಲ್ಲಿ ನೋಡಿದಿರಿ, ಎಲ್ಲಿ ಕೂತಿದ್ದಿರಿ? ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬ ವಾದ ಅದಾದ ಮೇಲೆ.

ನೋಡದವರಿಗಾಗಿ ಎರಡು ಮಾತು. ಒಲಿವೆರ್ ಲಾಶೆ ನಿರ್ದೇಶಿಸಿದ ಈ ಚಿತ್ರಕ್ಕೆ 2025ರ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಬಂತು. ಕಾಣೆಯಾದ ಮಗಳನ್ನು ಹುಡುಕುತ್ತ ಒಬ್ಬ ಅಪ್ಪ ತನ್ನ ಚಿಕ್ಕ ಮಗನನ್ನೂ ನಾಯಿಯನ್ನೂ ಕರೆದುಕೊಂಡು ಮೊರಾಕ್ಕೊದ ಮರುಭೂಮಿಯಲ್ಲಿ ನಡೆಯುವ, ದೊಡ್ಡ ಸ್ಪೀಕರುಗಳ ಮುಂದೆ ಬಹಳ ಹೊತ್ತು ಕುಣಿಯುವ ಕೂಟವಾದ ರೇವ್‌ಗೆ ಬರುತ್ತಾನೆ. ಸೈನ್ಯ ಬಂದು ಅದನ್ನು ಚದುರಿಸುತ್ತದೆ. ಒಂದಷ್ಟು ಜನ ಇನ್ನೊಂದು ರೇವ್ ಹುಡುಕಿ ಮರಳುಗಾಡಿನ ಒಳಗೆ ಹೋಗುತ್ತಾರೆ, ಅಪ್ಪ ಅವರ ಬೆನ್ನು ಹತ್ತುತ್ತಾನೆ. ಅಪ್ಪನ ಪಾತ್ರದ ಸೆರ್ಜಿ ಲೋಪೆಸ್ ನುರಿತ ನಟ. ರೇವ್ ಗುಂಪಿನಲ್ಲಿರುವವರು ನಿಜವಾಗಿಯೂ ಆ ಬದುಕಿನಿಂದ ಬಂದವರು. ಸಂಗೀತ ಕಾಂಗ್‌ಡಿಂಗ್ ರೇ ಅವರದು. ಚಿತ್ರದ ಆರಂಭದಲ್ಲಿ ಕಾಣುವುದು ಬಂಡೆಗಳ ಎದುರು ಒಂದರ ಮೇಲೊಂದು ಸ್ಪೀಕರ್ ಪೇರಿಸುವ ಕೈಗಳು. ಪಾತ್ರಗಳಿಗಿಂತ ಮೊದಲು ಸ್ಪೀಕರುಗಳನ್ನು ಪರಿಚಯಿಸುವ ನಿರ್ದೇಶಕ ತನ್ನ ಕಥೆಯ ದೊಡ್ಡ ಪಾಲನ್ನು ಯಾವುದಕ್ಕೆ ವಹಿಸಿದ್ದಾನೆ ಎಂಬುದನ್ನು ಅಲ್ಲೇ ಹೇಳಿಬಿಟ್ಟಿದ್ದಾನೆ.

ರೇವ್‌ನಲ್ಲಿ ಮೊಳಗುವ ಎಲೆಕ್ಟ್ರಾನಿಕ್ ಸಂಗೀತವಾದ ಟೆಕ್ನೋದ ಜೀವ ಇರುವುದು ಕಿಕ್‌ನಲ್ಲಿ, ಅಂದರೆ ಬಿಡದೆ ಬೀಳುವ ಆ ಪೆಟ್ಟಿನಲ್ಲಿ. ವೇಗ ನಿಮಿಷಕ್ಕೆ 125ರಿಂದ 140 ಪೆಟ್ಟು. ಸ್ವರದ ಎತ್ತರ-ತಗ್ಗನ್ನು ಅಳೆಯುವುದು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂದು. ಪೆಟ್ಟಿನ ಬುಡ ಇರುವುದು ಸುಮಾರು 40ರಿಂದ 60 ಹರ್ಟ್ಜ್‌ನಲ್ಲಿ. ಫೋನಿನ ಸ್ಪೀಕರ್ 200 ಹರ್ಟ್ಜ್ ಕೆಳಗೆ ಹೆಚ್ಚು ಕಡಿಮೆ ಮೂಕ. ತೆಳು ಟಿವಿಯ ಸ್ಪೀಕರ್ 100ರ ಹತ್ತಿರ ಕೈಚೆಲ್ಲುತ್ತದೆ. ಮೇಲಿನ ಎಳೆಗಳನ್ನು ಕೇಳಿ ಮೆದುಳು ‘ಇಲ್ಲಿ ಬೇಸ್ (ತಗ್ಗು ಸ್ವರ) ಇದೆ’ ಎಂದು ಊಹಿಸಿಕೊಳ್ಳುತ್ತದೆ ನಿಜ. ಆದರೆ ಊಹಿಸಿದ ಬೇಸ್ ಎದೆಗೂಡನ್ನು ನಡುಗಿಸುವುದಿಲ್ಲ. ಫೋನಿನಲ್ಲಿ ನೋಡಿ ‘ಬರೇ ಢಬ್ ಢಬ್’ ಎಂದವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕೇಳಿದ್ದೇ ಅಷ್ಟು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡರೆ ಕಿವಿಗೆ ಪೂರ್ತಿ ಸಿಗುತ್ತದೆ, ಮೈಗೆ ಆಗಲೂ ಸಿಗುವುದಿಲ್ಲ.

ಥಿಯೇಟರ್‌ನಲ್ಲಿ ನೋಡಿದರೆ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಡಾಲ್ಬಿ ಪ್ರೊಸೆಸರ್‌ನ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) 7ರಲ್ಲಿದ್ದಾಗ ಪರದೆಯ ಹಿಂದಿನ ಪ್ರತಿ ಚಾನಲ್ 85 ಡೆಸಿಬಲ್ ಕೊಡುವಂತೆ ಹೊಂದಿಸಿರುತ್ತಾರೆ. ಮಿಕ್ಸಿಂಗ್ ಮಾಡಿದವರು ಕೇಳಿದ್ದೂ ಅದೇ ಮಟ್ಟದಲ್ಲಿ. ನಮ್ಮ ಸಿಂಗಲ್ ಸ್ಕ್ರೀನುಗಳಲ್ಲಿ ಜಾಹೀರಾತಿನ ಅಬ್ಬರಕ್ಕೋ, ‘ಸೌಂಡ್ ಕಡಿಮಿ ಮಾಡ್ರಿ’ ಎಂಬ ಕೂಗಿಗೋ, ಸ್ಪೀಕರ್ ಸುಟ್ಟೀತೆಂಬ ಭಯಕ್ಕೋ ಫೇಡರ್ 4.5ಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. 7ರಿಂದ 4.5 ಎಂದರೆ ಸುಮಾರು 8 ಡೆಸಿಬಲ್ ಇಳಿಕೆ. ಮಾತಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಬೇಸ್‌ಗೆ ಮಾತ್ರ ದೊಡ್ಡ ಏಟು. ಮನುಷ್ಯನ ಕಿವಿ ತಗ್ಗು ಸ್ವರಗಳ ವಿಷಯದಲ್ಲಿ ಜಿಪುಣ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. 1000 ಹರ್ಟ್ಜ್‌ನಲ್ಲಿ 10 ಡೆಸಿಬಲ್ ಇಳಿಸಿದಾಗ ಸಪ್ಪಳ ಎಷ್ಟು ಕುಗ್ಗಿದಂತೆ ಅನಿಸುತ್ತದೋ, 50 ಹರ್ಟ್ಜ್‌ನಲ್ಲಿ ಅಷ್ಟು ಕುಗ್ಗಲು 6–7 ಡೆಸಿಬಲ್ ಸಾಕು. ಎಲ್ಲವನ್ನೂ ಸಮನಾಗಿ ಇಳಿಸಿದರೂ ಬೇಸ್ ಮೊದಲು ಮಾಯವಾಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರಾದ ಸಬ್‌ವೂಫರ್ ಸುಟ್ಟು ಆರು ತಿಂಗಳಾದರೂ ಯಾರಿಗೂ ಗೊತ್ತಾಗದಿರುವುದು. ಮಾತು, ಹಾಡು, ಹೊಡೆದಾಟದ ಚಿತ್ರಗಳು ಅದಿಲ್ಲದೆಯೂ ಹೇಗೋ ಓಡುತ್ತವೆ. ಪ್ರೊಸೆಸರ್‌ನ ಪಿಂಕ್ ನಾಯ್ಸ್ ಎಂಬ ಪರೀಕ್ಷೆಯ ಸದ್ದನ್ನು ಸಬ್ ಚಾನಲ್‌ಗೆ ಮಾತ್ರ ಕೊಟ್ಟು, ಸಿ-ವೆಯ್ಟಿಂಗ್‌ಗೆ (ತಗ್ಗು ಸ್ವರವನ್ನೂ ಎಣಿಸುವ ಅಳತೆಗೆ) ಇಟ್ಟ ಸೌಂಡ್ ಮೀಟರ್‌ನಲ್ಲಿ 90ರ ಆಸುಪಾಸು ಬರುತ್ತದೆಯೇ ನೋಡಿ. ಫೋನಿನ ಆ್ಯಪ್ ನಂಬಬೇಡಿ. ಅದು ಎ-ವೆಯ್ಟಿಂಗ್‌ನಲ್ಲಿದ್ದರೆ 50 ಹರ್ಟ್ಜ್‌ನ ಸಪ್ಪಳವನ್ನು 30 ಡೆಸಿಬಲ್ ಕಡಿಮೆ ಮಾಡಿ ತೋರಿಸುತ್ತದೆ.

ಇನ್ನು ಕೋಣೆಯ ಮಾತು. ಕೂತ ಜಾಗ ಅಭಿಪ್ರಾಯವನ್ನು ಹೇಗೆ ಸೀಳುತ್ತದೆ ಎಂಬುದು ಕಣ್ಣಿಗೆ ಕಟ್ಟುವುದು ಇಲ್ಲೇ.

30 ಅಡಿ ಉದ್ದ, 20 ಅಡಿ ಅಗಲದ ಒಂದು ಹಾಲ್ ತೆಗೆದುಕೊಳ್ಳಿ. ಗ್ರಂಥಾಲಯದ ಮೇಲ್ಮಹಡಿ, ಸಂಘದ ಕಚೇರಿ, ಕಾಲೇಜಿನ ಸೆಮಿನಾರ್ ಕೋಣೆ ಬಹುತೇಕ ಇದೇ ಅಳತೆಯವು. ನಮ್ಮ ಬೇಸಿಗೆಯ ಸಂಜೆ 35 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 352 ಮೀಟರ್ ಓಡುತ್ತದೆ. ಗೋಡೆಗಳ ನಡುವೆ ಅಲೆ ಪುಟಿದು ಕೆಲವು ಸ್ವರಗಳು ಕೋಣೆಯಲ್ಲಿ ತಾವಾಗಿ ಉಬ್ಬುತ್ತವೆ, ಅದೇ ಅನುರಣನ. ಈ ಕೋಣೆಯ ಉದ್ದದ ಮೂರನೇ ಅನುರಣನವೂ ಅಗಲದ ಎರಡನೇ ಅನುರಣನವೂ ಒಂದೇ ಕಡೆ, 58 ಹರ್ಟ್ಜ್ ಹತ್ತಿರ, ಬಂದು ಕೂಡುತ್ತವೆ. ಉದ್ದ-ಅಗಲ ಮೂರಕ್ಕೆ ಎರಡರ ಲೆಕ್ಕದಲ್ಲಿರುವುದೇ ಇದಕ್ಕೆ ಕಾರಣ. ಟೆಕ್ನೋದ ಕಿಕ್ ಬೀಳುವುದೂ ಅದರ ಅಕ್ಕಪಕ್ಕದಲ್ಲೇ. ಸಬ್ ಅನ್ನು ಮೂಲೆಗೆ ತಳ್ಳಿದ್ದರೆ ಹಿಂದಿನ ಮೂಲೆಯ ಕುರ್ಚಿಯಲ್ಲಿ ಕೂತವರಿಗೆ ಆ ಪೆಟ್ಟು ಗುಮ್ಮೆಂದು ಉಬ್ಬಿ ತಲೆ ಸಿಡಿಯುತ್ತದೆ. ಮುಂದಿನ ಗೋಡೆಯಿಂದ 15 ಅಡಿ, ಪಕ್ಕದ ಗೋಡೆಯಿಂದ 5 ಅಡಿ ದೂರದಲ್ಲಿ ಕೂತವರಿಗೆ ಅದೇ ಪೆಟ್ಟು ಹೆಚ್ಚು ಕಡಿಮೆ ಇಲ್ಲವೇ ಇಲ್ಲ, ಏಕೆಂದರೆ ಎರಡೂ ಅನುರಣನಗಳು ಅಲ್ಲಿ ಸೊನ್ನೆ. ಚಿತ್ರ ನೋಡಲು ಒಳ್ಳೆಯದೆಂದು ಹಿರಿಯರಿಗೆ ಬಿಟ್ಟುಕೊಡುವುದು ಆ ನಡುವಿನ ಸಾಲನ್ನೇ. ಚಿತ್ರ ಮುಗಿದ ಮೇಲೆ ಮೂಲೆಯವರು ‘ತಲಿ ನೋವು’ ಎನ್ನುತ್ತಾರೆ, ನಡುಸಾಲಿನವರು ‘ಇದ್ರಾಗ ಏನೈತಿ’ ಎನ್ನುತ್ತಾರೆ. ಇಬ್ಬರ ತಕರಾರೂ ಆ ಕೋಣೆಯದು. ಅದನ್ನು ನಿರ್ದೇಶಕನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಸರಿಪಡಿಸುವುದು ದುಬಾರಿಯಲ್ಲ. ನಡುಸಾಲಿನ ಒಂದು ಕುರ್ಚಿ ತೆಗೆದು ಅಲ್ಲಿ ಸಬ್ ಇಡಿ. 40ರಿಂದ 80 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರುವ ಸ್ವರ ಹಾಕಿ. ಗೋಡೆಗುಂಟ ಬಗ್ಗಿ ನಡೆಯುತ್ತ, ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲಿ ಕಿವಿಯನ್ನು ನೆಲದ ಹತ್ತಿರ ತಂದು ಕೇಳಿ. ಸ್ವರ ಏರುಪೇರಿಲ್ಲದೆ ಸಮನಾಗಿ ಕೇಳುವ ಜಾಗವೇ ಸಬ್‌ನ ಜಾಗ. ಎರಡು ಸಬ್ ಸಿಕ್ಕರೆ ಎದುರುಬದುರು ಗೋಡೆಗಳ ಮಧ್ಯಕ್ಕೆ ಇಡಿ, ಕುರ್ಚಿಯಿಂದ ಕುರ್ಚಿಗೆ ವ್ಯತ್ಯಾಸ ಬಹಳ ತಗ್ಗುತ್ತದೆ. ಆಗ ಎರಡರ ವೈರಿನ ಪ್ಲಸ್-ಮೈನಸ್ ಒಂದೇ ರೀತಿ ಇದೆಯೇ ಎಂದು ನೋಡಲೇಬೇಕು. ಒಂದು ತಿರುವುಮುರುವಾದರೆ ಒಂದು ತಳ್ಳುವಾಗ ಇನ್ನೊಂದು ಎಳೆದು, ನಡುವೆ ಬೇಸ್ ಸತ್ತೇ ಹೋಗುತ್ತದೆ. ಕೊನೆಗೆ 80 ಹರ್ಟ್ಜ್ ಸ್ವರ ಹಾಕಿ ಸಬ್‌ನ ಫೇಸ್ ಸ್ವಿಚ್ ಆಚೆ ಈಚೆ ಮಾಡಿ. ನಡುಸಾಲಿನಲ್ಲಿ ಜೋರಾಗಿ ಕೇಳುವ ಕಡೆಗೇ ಸ್ವಿಚ್ ಇಡಿ.

ಕಲ್ಯಾಣ ಮಂಟಪವಾದರೆ ತೊಂದರೆ ಬೇರೆ. ಗಾರೆ ಗೋಡೆ, ಗ್ರಾನೈಟ್ ನೆಲ, ಮೇಲೆ ತಗಡು. ಖಾಲಿ ಮಂಟಪದಲ್ಲಿ ಸದ್ದು ಅಡಗಲು ಎರಡೂವರೆ ಸೆಕೆಂಡ್ ಹಿಡಿದರೆ ಅಚ್ಚರಿಯಿಲ್ಲ. ನಿಮಿಷಕ್ಕೆ 130 ಪೆಟ್ಟಿನ ಸಂಗೀತದಲ್ಲಿ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ 0.46 ಸೆಕೆಂಡ್. ಒಂದು ಪೆಟ್ಟು ಅಡಗುವಷ್ಟರಲ್ಲಿ ಅದರ ಬಾಲದ ಮೇಲೆ ಇನ್ನೈದು ಪೆಟ್ಟು ಬಿದ್ದು ಎಲ್ಲ ಕಲಸಿಹೋಗುತ್ತದೆ. ಪಕ್ಕದ ಗೋಡೆಗಳಿಗೆ ಕೌದಿ ತೂಗುಬಿಡಿ, ನೆಲಕ್ಕೆ ದಪ್ಪ ಜಮಖಾನ ಹಾಸಿ. ಕೌದಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ತೂಗಿದರೆ ಹೆಚ್ಚು ಹೀರುತ್ತದೆ. ಇದು ಮಾತನ್ನೂ ಮೇಲಿನ ಸ್ವರಗಳನ್ನೂ ತಿಳಿಗೊಳಿಸುತ್ತದೆಯೇ ಹೊರತು ಬೇಸ್‌ನ ಮುಂದೆ ಕೌದಿಯ ಆಟ ನಡೆಯದು. 50 ಹರ್ಟ್ಜ್‌ನ ಅಲೆ 7 ಮೀಟರ್ ಉದ್ದ. ಬೇಸ್‌ಗೆ ಜಾಗ ಬದಲಿಸುವುದೇ ಮದ್ದು. ಗಣೇಶನ ಮೆರವಣಿಗೆಗೆ ಹೋಗುವ ಡಬಲ್ 18 ಇಂಚಿನ ಬೇಸ್ ಬಾಕ್ಸ್ ಬಾಡಿಗೆಗೆ ತಂದಿದ್ದರೆ ಡಿಜೆಯವರು ಉಬ್ಬಿಸಿಟ್ಟ 80–100 ಹರ್ಟ್ಜ್ ಅನ್ನು ಮೊದಲು ಸಮಕ್ಕೆ ತನ್ನಿ, ಕ್ರಾಸ್‌ಓವರ್ (ಬೇಸ್ ಬಾಕ್ಸಿಗೂ ಬೇರೆ ಸ್ಪೀಕರಿಗೂ ಸ್ವರ ಹಂಚುವ ಗೆರೆ) 80ಕ್ಕೆ ಕಟ್ಟಿ, 30ರ ಕೆಳಗೆ ಕತ್ತರಿಸಿ. ಆ ಬಾಕ್ಸ್ ಬಯಲಿನಲ್ಲಿ ದೂರಕ್ಕೆ ಮುಟ್ಟಲೆಂದು ಮಾಡಿದ್ದು. ತಗಡಿನ ಕೆಳಗೆ ಹಾಗೇ ಬಿಟ್ಟರೆ ತಗಡು, ಫ್ಯಾನು, ಟ್ಯೂಬ್‌ಲೈಟಿನ ಪಟ್ಟಿ ಎಲ್ಲವೂ ಹಾಡಲು ಶುರುಮಾಡುತ್ತವೆ. ಪ್ರದರ್ಶನಕ್ಕೆ ಮೊದಲು ಒಬ್ಬರು ಸ್ವರ ಹಾಕಬೇಕು, ಇನ್ನೊಬ್ಬರು ಏಣಿ ಹತ್ತಿ ಗದಗುಟ್ಟುವ ಸ್ಕ್ರೂ ಬಿಗಿಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಜಗಳ ಉಳಿಯುತ್ತದೆ. ಉಳಿದದ್ದು ನಿಜವಾದ ಜಗಳ, ಅದು ಇರಲಿ.

ಅದರ ಒಂದು ಭಾಗ ‘ರೇವ್’ ಎಂಬ ಪದಕ್ಕೇ ಅಂಟಿದೆ. ಕನ್ನಡ ಟಿವಿಯಲ್ಲಿ ಈ ಪದ ಬರುವುದು ದಾಳಿ, ಬಂಧನ, ಡ್ರಗ್ಸ್ ಎಂಬ ಪದಗಳ ಜೊತೆ ಮಾತ್ರ. ಗಂಗಾವತಿ ಕಡೆಯವರಿಗೆ ವಿರುಪಾಪುರ ಗಡ್ಡೆಯ ನೆನಪೂ ಸೇರುತ್ತದೆ. ತುಂಗಭದ್ರೆಯ ಆಚೆ ಹಂಪಿ, ಈಚೆ ವಿದೇಶಿಯರು ವಾರಗಟ್ಟಲೆ ತಂಗುತ್ತಿದ್ದ ರೆಸಾರ್ಟುಗಳು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಅವು ತೆರವಾದವು. ಹೀಗಾಗಿ ಚಿತ್ರ ಶುರುವಾಗುವ ಮೊದಲೇ ಪ್ರೇಕ್ಷಕರಲ್ಲಿ ಅರ್ಧ ಜನ ತೀರ್ಪು ಬರೆದುಕೊಂಡು ಕೂತಿರುತ್ತಾರೆ. ಬ್ರಿಟನ್ನಿನ ಕಥೆ ಹೇಳಿದರೆ ಅವರಿಗೆ ಸ್ವಲ್ಪ ದಾರಿ ಸಿಗುತ್ತದೆ. ಅಲ್ಲಿ 1988ರ ಹೊತ್ತಿಗೆ ಖಾಲಿ ಗೋದಾಮುಗಳಲ್ಲಿ, ಹೊಲಗಳಲ್ಲಿ ಶುರುವಾದ ಈ ಕುಣಿತ 1992ರಲ್ಲಿ ಕ್ಯಾಸಲ್‌ಮಾರ್ಟನ್ ಎಂಬ ಬಯಲಿನಲ್ಲಿ ದಿನಗಟ್ಟಲೆ ನಡೆಯಿತು. 1994ರಲ್ಲಿ ಸರ್ಕಾರ ಕಾನೂನು ತಂದು, ಮತ್ತೆ ಮತ್ತೆ ಬೀಳುವ ಪೆಟ್ಟುಗಳ ಸಂಗೀತ ಎಂದು ಅದರಲ್ಲಿ ಬರೆದೇ ಇಟ್ಟಿತು. ಕಾನೂನಿನ ಪುಸ್ತಕಕ್ಕೆ ಒಂದು ತಾಳ ಹೊಕ್ಕಿದೆ ಎಂದರೆ ಅದರ ಹಿಂದೆ ಮಾದಕ ವಸ್ತುವಿನ ಭಯ ಮಾತ್ರವಲ್ಲ, ಯಾರದೋ ಜಾಗದಲ್ಲಿ ಅಪ್ಪಣೆಯಿಲ್ಲದೆ ಸಾವಿರಾರು ಜನ ಒಟ್ಟಾಗುವ ಭಯವೂ ಇತ್ತು. ಚಿತ್ರದಲ್ಲಿ ಸೈನ್ಯ ಬರುವ ದೃಶ್ಯ ಈ ಹಿನ್ನೆಲೆಯಲ್ಲಿ ಬೇರೆಯೇ ಕಾಣುತ್ತದೆ. ಮಾದಕ ವಸ್ತುವನ್ನು ಚಿತ್ರ ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಮನೆಮಂದಿಯೊಂದಿಗೆ ನೋಡುವವರಿಗೆ ಇದು ಕಷ್ಟವಾದರೆ ಆ ತಕರಾರಿಗೆ ಬೆಲೆ ಇದೆ.

ಇನ್ನೊಂದು ತಕರಾರು, ಒಂದೇ ತಾಳ ಎಷ್ಟು ಹೊತ್ತು ಎಂಬುದು. ಈ ಸೀಮೆಯಲ್ಲಿ ಇದಕ್ಕೆ ಉತ್ತರ ದೂರದಲ್ಲಿಲ್ಲ. ರಾಯಚೂರು ಜಿಲ್ಲೆಯ ಮುದಗಲ್‌ನ ಮೊಹರಂ ನೋಡಿದವರಿಗೆ, ಊರೂರಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿದವರಿಗೆ ಹಲಗಿಯ ಒಂದೇ ಬಡಿತ ಗೊತ್ತು. ಅದರ ಉದ್ದೇಶ ಬೇರೆ. ಅಲ್ಲಿ ಶೋಕವಿದೆ, ಹರಕೆಯಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೆ ಮೊದಲ ಹತ್ತು ನಿಮಿಷ ಕಿವಿಗೆ ಬೇಸರವೆನಿಸಿದ ಬಡಿತ ಆಮೇಲೆ ಕಾಲಿಗೆ ಇಳಿಯುವುದು, ಎಣಿಕೆ ತಪ್ಪಿ ಹೊತ್ತು ಹೋದದ್ದೇ ತಿಳಿಯದಿರುವುದು, ಇದು ನಮ್ಮವರ ಮೈಗೆ ಹೊಸದಲ್ಲ. ಕುರ್ಚಿಯಲ್ಲಿ ಅಲ್ಲಾಡದೆ ಕೂತು ಅದನ್ನು ಅನುಭವಿಸುವುದು ಹೊಸದು. ಹಿಂದಿನ ಎರಡು ಸಾಲು ಕುರ್ಚಿ ತೆಗೆದು ನಿಂತು ನೋಡಲು ಜಾಗ ಬಿಟ್ಟರೆ ಗೊಣಗಾಟ ಇಳಿಯುತ್ತದೆ. ಇನ್ನೊಂದು ಅನುಕೂಲವೂ ಇಲ್ಲಿದೆ. ನರಕದ ಮೇಲಿನ, ಕೂದಲಿಗಿಂತ ತೆಳುವಾದ, ಕತ್ತಿಗಿಂತ ಹರಿತವಾದ ಸೇತುವೆಯೇ ಸಿರಾತ್ ಎಂದು ಚಿತ್ರ ಆರಂಭದಲ್ಲೇ ಹೇಳುತ್ತದೆ. ‘ಪುಲ್ ಸಿರಾತ್’ ಎಂಬ ಮಾತು ಇಲ್ಲಿನ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕೊನೆಯ ಅರ್ಧ ತಾಸು ಯಾಕೆ ಹಾಗಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಡುವೆ ಒಂದು ಆಘಾತ ಬರುತ್ತದೆ. ಏನೆಂದು ಇಲ್ಲಿ ಹೇಳುವುದು ಸರಿಯಲ್ಲ. ಅದನ್ನು ಕ್ರೌರ್ಯ ಎನ್ನುವವರಿದ್ದಾರೆ, ಬದುಕು ಹೀಗೇ ಹೇಳದೆ ಕೇಳದೆ ಹೊಡೆಯುತ್ತದೆ ಎನ್ನುವವರಿದ್ದಾರೆ. ಸೌಂಡಿನ ಕಡೆಯಿಂದ ಒಂದು ಮಾತು ಸೇರಿಸಬಹುದು. ಆರಂಭದ ಭಾರವಾದ ತಾಳ ಮುಂದೆ ಹೋದಂತೆ ಕರಗಿ ಬರೀ ನಾದವಾಗುತ್ತದೆ. ಮೊದಲ ಅರ್ಧ ತಾಸಿನಲ್ಲಿ ಬೇಸ್ ಮೈಗೆ ತಾಗಿದವರಿಗೆ ಅದು ಇಲ್ಲವಾದಾಗ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಮೊದಲು ತಾಗದೇ ಇದ್ದವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಆಘಾತ ಬರೀ ಆಘಾತವಾಗಿ ಉಳಿಯುತ್ತದೆ. ಅದನ್ನು ಕ್ರೌರ್ಯ ಎನ್ನುವವರಲ್ಲಿ ಹಲವರು ಸಣ್ಣ ಸ್ಪೀಕರಿನಲ್ಲಿ ನೋಡಿದವರೇ ಇದ್ದಾರು ಎಂದು ನನಗೆ ಬಲವಾಗಿ ಅನಿಸುತ್ತದೆ.

ಪ್ರದರ್ಶನ ಏರ್ಪಡಿಸುವವರಿಗೆ ಇನ್ನಷ್ಟು. ಮನೆಯ ಸ್ಟ್ರೀಮಿಂಗ್ ಖಾತೆಯಿಂದ ಹಾಲ್‌ನಲ್ಲಿ ತೋರಿಸುವಂತಿಲ್ಲ, ಹಕ್ಕುದಾರರ ಅನುಮತಿ ಬೇಕು. ಬಯಲಿನಲ್ಲಿ ಬೇಡ: 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಎ-ವೆಯ್ಟಿಂಗ್‌ನಲ್ಲಿ ಅಳೆದ ಸರಾಸರಿ 85 ಡೆಸಿಬಲ್ ದಾಟಿಸಬೇಡಿ. ಆ ಮಟ್ಟದಲ್ಲಿ ದಿನಕ್ಕೆ 8 ತಾಸು ಕಿವಿ ತಾಳುತ್ತದೆ, ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ, 100ಕ್ಕೆ ಉಳಿಯುವುದು 15 ನಿಮಿಷ. ರೇವ್ ಚಿತ್ರ ಯಾವುದೇ ಇರಲಿ, ಮಿಣುಕುವ ಬೆಳಕಿನ ಎಚ್ಚರಿಕೆಯನ್ನು ಆರಂಭದಲ್ಲೇ ಕನ್ನಡದಲ್ಲಿ ಹೇಳಿ, ಅಪಸ್ಮಾರ ಇರುವವರಿಗೆ ಅದು ಅಪಾಯ. ಮಾತು ಕಡಿಮೆ, ಇರುವುದೂ ಸ್ಪ್ಯಾನಿಷ್, ಫ್ರೆಂಚ್. ಇಂಗ್ಲಿಷ್ ಸಬ್‌ಟೈಟಲ್ ಓದಲು ತಡವಾಗುವವರಿಗೆ ಪಾತ್ರಗಳ ಹೆಸರು, ಸಿರಾತ್‌ನ ಅರ್ಥ, ರೇಡಿಯೊದಲ್ಲಿ ಯುದ್ಧದ ಸುದ್ದಿ ಬರುತ್ತಿರುತ್ತದೆ ಎಂಬ ಮಾಹಿತಿ ಇರುವ ಅರ್ಧ ಪುಟದ ಕನ್ನಡ ಕೈಹಾಳೆ ಕೊಟ್ಟರೆ ಸಾಕು.

ಮುಗಿದ ಕೂಡಲೇ ಟ್ಯೂಬ್‌ಲೈಟ್ ಹಾಕಬೇಡಿ, ಐದು ನಿಮಿಷ ಕತ್ತಲೆ ಇರಲಿ. ಆಮೇಲೆ ‘ಹೆಂಗಿತ್ತು’ ಎಂದು ಕೇಳದೆ, ನಡುವೆ ಎದ್ದು ಹೊರಗೆ ಹೋಗಿ ನಿಂತವರನ್ನು ಕರೆದು ಮೊದಲ ಮಾತು ಅವರಿಗೇ ಕೊಡಿ: ಎದ್ದದ್ದು ಯಾವ ದೃಶ್ಯದಲ್ಲಿ, ಕೂತಿದ್ದು ಯಾವ ಸಾಲಿನಲ್ಲಿ?