ಜೀಪಿನ ನಡು ಕತ್ತರಿಸಿದರೆ ಏನಾಗುತ್ತದೆ?

"ಇದು ಹಳೇ ಕಬ್ಬಿಣ ಸಾರ್, ಮಿಲ್ಟ್ರಿ ಕಬ್ಬಿಣ. ಈಗಿನ ಗಾಡಿ ತರ ತಗಡಲ್ಲ. ಎಷ್ಟು ಉದ್ದ ಮಾಡಿದರೂ ಎಂತ ಆಗುದಿಲ್ಲ." ಕೊಡಗಿನಲ್ಲಿ ವಿರಾಜಪೇಟೆಯಿಂದ ಸುಂಟಿಕೊಪ್ಪದವರೆಗೆ ಹಳೆ ಜೀಪಿನ ಮಾತು ಬಂದಲ್ಲೆಲ್ಲ ಈ ಡೈಲಾಗೂ ಬರುತ್ತದೆ. ಹೇಳುವವರು ಬಾನೆಟ್ಟಿಗೆ ಎರಡು ಸಲ ತಟ್ಟಿಯೂ ತೋರಿಸುತ್ತಾರೆ. ಜೀಪಿನ ನಡು ಕತ್ತರಿಸಿ, ನಡುವೆ ಒಂದಿಷ್ಟು ಕಬ್ಬಿಣ ಸೇರಿಸಿ, ಆರು ಜನರ ಗಾಡಿಯನ್ನು ಹನ್ನೆರಡು ಜನರದ್ದು ಮಾಡುವ ಹುಮ್ಮಸ್ಸಿಗೆ ಇದೇ ಬಂಡವಾಳ. ಉದ್ದದ ಜೀಪುಗಳು ನನಗೂ ಇಷ್ಟವೇ. ಈ ಮಾತು ಕೇಳಿದರೆ ಮಾತ್ರ ಮೈ ಉರಿಯುತ್ತದೆ. ಬಗ್ಗುವ ವಿಷಯದಲ್ಲಿ ಕಬ್ಬಿಣಕ್ಕೆ ಹಳತು ಹೊಸತು ಅನ್ನುವುದೇ ಇಲ್ಲ.

ಉಕ್ಕಿನ ಎರಡು ಗುಣಗಳನ್ನು ನಾವು ಸದಾ ಕಲಸಿಬಿಡುತ್ತೇವೆ. ಒಂದು, ಎಷ್ಟು ಭಾರಕ್ಕೆ ಅದು ಶಾಶ್ವತವಾಗಿ ಸೊಟ್ಟಗಾಗುತ್ತದೆ ಅಥವಾ ಮುರಿಯುತ್ತದೆ ಅನ್ನುವುದು. ಇನ್ನೊಂದು, ಭಾರ ಹಾಕಿದಾಗ ಎಷ್ಟು ಬಳುಕುತ್ತದೆ ಅನ್ನುವುದು. ಮೊದಲನೆಯದು ಉಕ್ಕಿನ ಜಾತಿಯ ಮೇಲೆ ಬಹಳ ಬದಲಾಗುತ್ತದೆ. ಎರಡನೆಯದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಗೇಟಿನ ಕಬ್ಬಿಣವಿರಲಿ, ಸ್ಪ್ರಿಂಗ್ ಪಟ್ಟಿಯ ಉಕ್ಕಿರಲಿ, 1943ರ ಜೀಪಿನ ಚಾಸಿ, ಅಂದರೆ ತಳದ ಕಬ್ಬಿಣದ ಚೌಕಟ್ಟು ಇರಲಿ, ಮೊನ್ನೆ ಶೋರೂಮಿನಿಂದ ಬಂದ ಗಾಡಿ ಇರಲಿ, ಬಳುಕನ್ನು ತಡೆಯುವ ಬಿಗಿಯ ಅಂಕಿ ಸುಮಾರು 200 ಗಿಗಾಪಾಸ್ಕಲ್. ಕಾಯಿಸಿ ನೀರಿಗೆ ಅದ್ದಿ ಹದ ಮಾಡಿದರೂ ಅಷ್ಟೇ. ಹಾಗಾಗಿ ಚಾಸಿ ಎಷ್ಟು ಬಳುಕುತ್ತದೆ ಅನ್ನುವುದು ಅದರ ವಯಸ್ಸಿನ ಪ್ರಶ್ನೆಯಲ್ಲ, ಆಕಾರದ ಪ್ರಶ್ನೆ.

ಆಕಾರದ ಲೆಕ್ಕ ಅರ್ಥವಾಗಬೇಕಾದರೆ ತೋಟದಿಂದ ಒಂದು ಏಣಿ ತನ್ನಿ. ಸಿಲ್ವರ್ ಓಕ್ ಮರಕ್ಕೆ ಒರಗಿಸಿ ಕರಿಮೆಣಸು ಕೊಯ್ಯುತ್ತೇವಲ್ಲ, ಆ ಅಲ್ಯೂಮಿನಿಯಂ ಏಣಿ. ಹಳೆ ಜೀಪಿನ ಚಾಸಿಯೂ ಏಣಿಯೇ. ಎರಡು ಉದ್ದದ ಹಳಿ, ನಡುವೆ ಅಡ್ಡಪಟ್ಟಿ. ಏಣಿಯ ಎರಡು ತುದಿಗೂ ಕಲ್ಲು ಕೊಟ್ಟು ಮಲಗಿಸಿ, ನಡುವೆ ನಿಂತುಕೊಳ್ಳಿ. ಆರು ಅಡಿಯ ಏಣಿ ಸ್ವಲ್ಪ ತಗ್ಗುತ್ತದೆ. ಅದೇ ಹಳಿಯ ಹನ್ನೆರಡು ಅಡಿಯ ಏಣಿ ಎಷ್ಟು ತಗ್ಗಬಹುದು? ಎರಡರಷ್ಟು ಅನ್ನುತ್ತೀರಿ ಅಲ್ವಾ? ಎಂಟರಷ್ಟು. ಬಳುಕು ಉದ್ದದ ಜೊತೆ ಸುಮ್ನೆ ಹೆಚ್ಚುವುದಿಲ್ಲ, ಉದ್ದದ ಘನದ ಲೆಕ್ಕದಲ್ಲಿ ಹೆಚ್ಚುತ್ತದೆ. ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಬೇಕು.

ಈಗ ಇದನ್ನು ಜೀಪಿಗೆ ತನ್ನಿ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರ, ಅಂದರೆ ವೀಲ್‌ಬೇಸ್, 80 ಇಂಚು. ಅದನ್ನು 100 ಮಾಡಿದರೆ ಅದೇ ಭಾರಕ್ಕೆ ಬಳುಕು ಸುಮಾರು ಎರಡರಷ್ಟು. 120 ಮಾಡಿದರೆ ಮೂರೂಕಾಲಿಗಿಂತ ಜಾಸ್ತಿ. ಇದು ಅದೇ ಭಾರಕ್ಕೆ, ನೆನಪಿರಲಿ. ಗಾಡಿ ಉದ್ದ ಮಾಡಿದವರು ಅದೇ ಭಾರ ಹಾಕಿ ಸುಮ್ಮನಿರುತ್ತಾರೆಯೇ?

ಸಮಾಧಾನದ ವಿಷಯವೂ ಇದೆ. ಹಳಿಯನ್ನು ಎತ್ತರ ಮಾಡಿದರೂ ಘನದ ಲೆಕ್ಕವೇ, ಈ ಸಲ ನಮ್ಮ ಪರವಾಗಿ. ನಿಲ್ಲಿಸಿದ ಪಟ್ಟಿಯ ಎತ್ತರ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. ಆದ್ದರಿಂದ ಉದ್ದ ಮಾಡುವವರು ದಪ್ಪ ಕಬ್ಬಿಣ ಹುಡುಕುವ ಬದಲು ಎತ್ತರದ ಕಬ್ಬಿಣ ಹುಡುಕಬೇಕು. ತೂಕ ಕಮ್ಮಿ, ಲಾಭ ಜಾಸ್ತಿ.

ಎತ್ತರ ಮುಖ್ಯ ಅನ್ನುವುದನ್ನು ಮೊದಲು ಲೆಕ್ಕಕ್ಕೆ ತಂದವರಲ್ಲಿ ಗೆಲಿಲಿಯೊ ಒಬ್ಬ. ಚರ್ಚಿನವರು ಗೃಹಬಂಧನದಲ್ಲಿ ಇಟ್ಟಿದ್ದಾಗ, ಕಣ್ಣೂ ಹೋಗಿದ್ದಾಗ, 1638ರಲ್ಲಿ ಅವನ ಆ ಕೆಲಸ ಅಚ್ಚಾಗಿ ಹೊರಬಂತು. ಗೋಡೆಯಿಂದ ಹೊರಚಾಚಿದ ತೊಲೆಯ ತುದಿಗೆ ಕಲ್ಲು ತೂಗಿಬಿಟ್ಟರೆ ತೊಲೆ ಯಾವಾಗ ಮುರಿಯುತ್ತದೆ ಅನ್ನುವುದು ಅವನ ಪ್ರಶ್ನೆ. ತೊಲೆಯ ಬಲ ಎತ್ತರದ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ ಅಂದ, ಅದು ಸರಿ. ಆದರೆ ತೊಲೆಯ ಅಡ್ಡಗಲಕ್ಕೆ ಎಲ್ಲ ಕಡೆ ಒಂದೇ ಸಮನೆ ಎಳೆತ ಬೀಳುತ್ತದೆ ಅಂದುಕೊಂಡ, ಅಲ್ಲಿ ತಪ್ಪಿದ. ನಿಜಕ್ಕೂ ಒಂದು ಅಂಚು ಹಿಗ್ಗುತ್ತದೆ, ಎದುರಿನ ಅಂಚು ಕುಗ್ಗುತ್ತದೆ, ನಡುವಿನ ಒಂದು ಗೆರೆ ಎರಡೂ ಇಲ್ಲದೆ ತಣ್ಣಗಿರುತ್ತದೆ. ಈ ಚಿತ್ರ ಪೂರ್ತಿ ಸ್ಪಷ್ಟವಾಗಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಜೀಪಿನ ಚಾಸಿಯಲ್ಲಿ ಗಾಲಿಗಳ ನಡುವೆ ಹಿಗ್ಗುವುದು ಕೆಳಗಿನ ಅಂಚು. ಇದನ್ನು ನೆನಪಿಡಿ, ಬೆಸುಗೆಯ ವಿಷಯಕ್ಕೆ ಬೇಕಾಗುತ್ತದೆ.

ಅಷ್ಟಕ್ಕೂ ಜೀಪು ಮೊದಲು ಗಿಡ್ಡ ಇದ್ದದ್ದು ಯಾಕೆ? 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕು, 49 ದಿನದಲ್ಲಿ ಮಾದರಿ ತೋರಿಸಿ ಅಂದಿತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿ ಹಗಲು ರಾತ್ರಿ ಕೂತು ಅದನ್ನು ಮುಗಿಸಿತು. ಮುಂದೆ ದೊಡ್ಡ ಆರ್ಡರು ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಜಾಸ್ತಿ ಜೀಪುಗಳು ತಯಾರಾಗಿದ್ದವು. ಅದು ನಾಲ್ಕು ಜನ, ಒಂದು ಬಂದೂಕು, ಒಂದಿಷ್ಟು ಸಾಮಾನಿಗೆ ಅಂತ ಮಾಡಿದ ಗಾಡಿ. ಮದುವೆ ದಿಬ್ಬಣ ಅವರ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮಲ್ಲಿ ಮಹೀಂದ್ರಾದವರು 1947ರಿಂದ ಈ ಜೀಪಿನ ವ್ಯವಹಾರಕ್ಕೆ ಇಳಿದರು. ಸೈನ್ಯ ವಿಲೇವಾರಿ ಮಾಡಿದ ಗಾಡಿಗಳೂ ಹರಾಜಿನಲ್ಲಿ ಸಿಗುತ್ತಿದ್ದವು. ಕಾರ್ಯಪ್ಪ, ತಿಮ್ಮಯ್ಯ ಅವರಂಥ ಸೇನಾನಿಗಳ ನಾಡು, ಸೈನ್ಯದಿಂದ ನಿವೃತ್ತರಾಗಿ ಬಂದವರು ಊರೂರಿಗೂ ಇರುವ ಜಿಲ್ಲೆ, ಮಳೆಗಾಲದಲ್ಲಿ ಬೇರೆ ಗಾಡಿ ಹತ್ತದ ತೋಟದ ದಾರಿ. ಜೀಪು ಇಲ್ಲಿ ಬೇರು ಬಿಡದೆ ಇನ್ನೆಲ್ಲಿ ಬಿಡುತ್ತದೆ? ಲೈನ್ ಮನೆಯಿಂದ ಕೆಲಸದವರು, ಗೊಬ್ಬರದ ಮೂಟೆ, ಕಾಫಿ ಚೀಲ, ಶಾಲೆಯ ಮಕ್ಕಳು, ಎಲ್ಲ ಅದರಲ್ಲೇ. ಜಾಗ ಸಾಲದೆ ಬಂದಾಗ ಉದ್ದ ಮಾಡುವ ಯೋಚನೆ ಬಂತು.

ಉದ್ದ ಮಾಡುವುದರಲ್ಲಿ ಎರಡು ಜಾತಿ. ಒಂದು ಬಾಲ ಬಿಡುವುದು, ಇನ್ನೊಂದು ಹೊಟ್ಟೆ ಎಳೆಯುವುದು. ಬಾಲ ಬಿಡುವುದು ಸುಲಭ. ಗಾಲಿಯ ಜಾಗ ಮುಟ್ಟದೆ, ಹಿಂದೆ ಬಾಡಿಯನ್ನಷ್ಟೇ ಚಾಚಿ ಎರಡು ಬೆಂಚು ಹಾಕುವುದು. ಇದರಷ್ಟು ಮೋಸದ ಕೆಲಸ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 65 ಕಿಲೋದ ಐದು ಜನ ಹಿಂದಿನ ಗಾಲಿಗಳ ಅಚ್ಚಿನಿಂದ, ಅಂದರೆ ಹಿಂದಿನ ಆಕ್ಸಲ್‌ನಿಂದ 20 ಇಂಚು ಹಿಂದೆ ಕೂತರು ಅನ್ನಿ. ಒಟ್ಟು 325 ಕಿಲೋ. ಅದು ಹಿಂದಿನ ಆಕ್ಸಲ್‌ ಮೇಲೆ ಬೀಳುವುದಲ್ಲದೆ, ಮುಂದಿನ ಗಾಲಿಗಳ ಮೇಲಿದ್ದ ಭಾರದಲ್ಲಿ 81 ಕಿಲೋವನ್ನು ಎತ್ತಿಬಿಡುತ್ತದೆ. ಇದು ಸಮತಟ್ಟಾದ ನೆಲದ ಲೆಕ್ಕ. ಏರಿನಲ್ಲಿ ಭಾರ ಇನ್ನೂ ಹಿಂದೆ ಜಾರುತ್ತದೆ. ಸ್ಟೇರಿಂಗು ಹಗುರ ಆಯಿತು, ಹೂವಿನ ಹಾಗಿದೆ ಅಂತ ಡ್ರೈವರ್ ಖುಷಿಪಡುತ್ತಾನೆ. ಹಗುರ ಆದದ್ದು ಸ್ಟೇರಿಂಗಲ್ಲ, ನೆಲದ ಮೇಲಿನ ಹಿಡಿತ.

ಕೊಲಂಬಿಯಾದ ಕಾಫಿ ಬೆಳೆಗಾರರು ಇದನ್ನೇ ಆಟ ಮಾಡಿಕೊಂಡಿದ್ದಾರೆ. ಅಲ್ಲಿಯ ಗುಡ್ಡಗಳಲ್ಲೂ ಕಾಫಿ ಚೀಲ ಹೊತ್ತದ್ದು ಹಳೆ ವಿಲ್ಲಿಸ್ ಜೀಪುಗಳೇ. ಅರ್ಮೇನಿಯಾ ಅನ್ನುವ ಊರಿನ ಹಬ್ಬದ ಮೆರವಣಿಗೆಯಲ್ಲಿ ಜೀಪಿನ ಹಿಂದಕ್ಕೆ ಬೇಕೆಂದೇ ಭಾರ ಹೇರಿ, ಮುಂದಿನ ಎರಡು ಗಾಲಿ ಗಾಳಿಯಲ್ಲಿ ಎತ್ತಿ, ಹಿಂದಿನ ಎರಡರ ಮೇಲೆ ಗಿರಗಿರ ಸುತ್ತಿಸುತ್ತಾರೆ. ನೋಡಲು ಬಲು ಚಂದ. ಭಾಗಮಂಡಲದ ಏರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಮಾಡುವಂಥದ್ದಲ್ಲ.

ಹೊಟ್ಟೆ ಎಳೆಯುವುದು ಕಷ್ಟದ ಕೆಲಸ, ಆದರೆ ಮರ್ಯಾದೆಯ ಕೆಲಸ. ಇದರಲ್ಲಿ ಜನರ ಭಾರ ಎರಡು ಆಕ್ಸಲ್‌ಗಳ ನಡುವೆ ಉಳಿಯುತ್ತದೆ. ಕಂಪನಿಯೇ ಇದನ್ನು ಮಾಡಿತ್ತು. ವಿಲ್ಲಿಸ್ 1955ರಲ್ಲಿ ತನ್ನ ಸಿಜೆ-5 ಜೀಪಿಗೆ 20 ಇಂಚು ಸೇರಿಸಿ, 101 ಇಂಚು ವೀಲ್‌ಬೇಸಿನ ಸಿಜೆ-6 ಬಿಟ್ಟಿತು. ಯುದ್ಧ ಮುಗಿದ ಮೇಲೆ ಫಿಲಿಪ್ಪೀನ್ಸಿನಲ್ಲಿ ಅಮೆರಿಕದವರು ಬಿಟ್ಟುಹೋದ ಜೀಪುಗಳನ್ನು ಜನ ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ, ಬಣ್ಣ ಬಳಿದು ಬಸ್ಸಿನಂತೆ ಓಡಿಸಿದರು. ಅವೇ ಜೀಪ್ನಿಗಳು. ಆಮೇಲೆ ಅವುಗಳಿಗೆ ಉದ್ದದ ಚಾಸಿಯನ್ನೇ ಹೊಸದಾಗಿ ಕಟ್ಟತೊಡಗಿದರು. ಜಾಣತನ ಇರುವುದು ಅಲ್ಲಿ.

ಗೋಣಿಕೊಪ್ಪದ ಹತ್ತಿರ ಒಂದು ಗ್ಯಾರೇಜಿನಲ್ಲಿ ಇಂಥ ಕೆಲಸ ನಡೆಯುವುದನ್ನು ನೋಡಿದ್ದೇನೆ. ಬಾಡಿ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ಎರಡು ತುಂಡಾದ ಚಾಸಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಮೇಸ್ತ್ರಿ ಟೇಪು ಬಿಟ್ಟು ಒಂದು ದಾರ ಹಿಡಿದಿದ್ದರು. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ದಾರ ಎಳೆದು ಗಂಟು ಹಾಕಿದರು. ಅದೇ ದಾರವನ್ನು ಇನ್ನೊಂದು ಕರ್ಣಕ್ಕೆ ಹಿಡಿದರು. ಗಂಟು ಸರಿಯಾಗಿ ಮೂಲೆಗೆ ಬಂದರೆ ಚಾಸಿ ಚೌಕ ಇದೆ ಅಂತ. ಬರಲಿಲ್ಲ, ಬೆರಳಿನಷ್ಟು ಆಚೆ ಹೋಯಿತು. ಸುತ್ತಿಗೆ ತೆಗೆದುಕೊಂಡು ದಿಮ್ಮಿಯನ್ನು ಸ್ವಲ್ಪ ಬಡಿದು ಮತ್ತೆ ಹಿಡಿದರು. ಯಾವ ಲೇಸರೂ ಬೇಡ.

ಅವರೇ ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಜೀಪಿನ ಕೆಳಗೆ ಟಾರ್ಚು ಬಿಟ್ಟು ತೋರಿಸಿದರು. ಬೇರೆ ಯಾರೋ ಉದ್ದ ಮಾಡಿದ್ದು. ಹಳಿಯನ್ನು ನೇರ ಅಡ್ಡ ಕತ್ತರಿಸಿ, ತುದಿಗೆ ತುದಿ ಕೊಟ್ಟು, ಸುತ್ತ ಬೆಸೆದಿದ್ದರು. ಬೆಸುಗೆ ನೋಡಲು ದಪ್ಪ, ಗಟ್ಟಿಮುಟ್ಟು. ಆದರೆ ಕೆಳಗಿನ ಅಂಚಿನಲ್ಲಿ, ಬೆಸುಗೆಯ ಮೇಲಲ್ಲ, ಅದರ ಪಕ್ಕದಲ್ಲೇ, ಕೂದಲೆಳೆಯಂಥ ಒಂದು ಗೆರೆ. ಪೇಂಟಿನ ಮೇಲೆ ಅಲ್ಲಿಂದ ಕಂದು ಬಣ್ಣದ ತುಕ್ಕು ಇಳಿದಿತ್ತು. ಬಾನೆಟ್ಟಿಗೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟವರು ಒಮ್ಮೆ ಬಗ್ಗಿ ಕೆಳಗೆ ನೋಡಿರಲಿಲ್ಲ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ನಿಂಬೆಹಣ್ಣು ಇಡಲು ಹೇಗೂ ಬಗ್ಗುತ್ತೀರಿ, ಇನ್ನೊಂದು ಅಡಿ ಬಗ್ಗಿದರೆ ಚಾಸಿ ಕಾಣುತ್ತದೆ.

ಗೆರೆ ಪಕ್ಕದಲ್ಲೇ ಯಾಕೆ ಬಂತು? ಬೆಸೆಯುವಾಗಿನ ಬಿಸಿಗೆ ಪಕ್ಕದ ಉಕ್ಕಿನ ಹದ ಬದಲಾಗಿರುತ್ತದೆ. ಜೊತೆಗೆ ದಪ್ಪದಿಂದ ತೆಳುವಿಗೆ ಥಟ್ಟನೆ ಬದಲಾಗುವ ಜಾಗದಲ್ಲಿ ಎಳೆತ ಒಟ್ಟುಗೂಡುತ್ತದೆ. ಅದು ಹಿಗ್ಗುವ ಅಂಚು ಬೇರೆ. ಒಂದು ಹೊಂಡಕ್ಕೆ ಏನೂ ಆಗುವುದಿಲ್ಲ. ಸಾವಿರಾರು ಹೊಂಡಗಳಿಗೆ ಒಂದು ಸಣ್ಣ ಬಿರುಕು ಹುಟ್ಟಿ, ಪ್ರತಿ ಕುಲುಕಿಗೂ ಚೂರು ಚೂರು ಬೆಳೆಯುತ್ತದೆ. ಆದ್ದರಿಂದಲೇ ಬಲ್ಲವರು ಹಳಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ಮೇಲೆ ವಜ್ರದ ಆಕಾರದ ಪ್ಲೇಟು ಇಟ್ಟು, ಅಂಚುಗಳನ್ನು ಬಿಟ್ಟು ನಡುಭಾಗಕ್ಕೆ ಬೆಸೆಯುತ್ತಾರೆ. ಬಿಗಿ ಆಗ ಥಟ್ಟನೆ ಬದಲಾಗದೆ ನಿಧಾನಕ್ಕೆ ಬದಲಾಗುತ್ತದೆ.

ಬಗ್ಗುವುದಷ್ಟೇ ಅಲ್ಲ, ತಿರುಚುವುದೂ ಇದೆ. ಏಣಿಯ ಎರಡು ತುದಿಯನ್ನು ಇಬ್ಬರು ಹಿಡಿದು ಎದುರುಬದುರು ತಿರುಗಿಸಿ ನೋಡಿ, ಸಲೀಸಾಗಿ ತಿರುಚಿಕೊಳ್ಳುತ್ತದೆ. ಮುಂದಿನ ಎಡಗಾಲಿ ಕಲ್ಲಿನ ಮೇಲೆ, ಹಿಂದಿನ ಎಡಗಾಲಿ ಹೊಂಡದಲ್ಲಿ ಇದ್ದಾಗ ಜೀಪಿಗೆ ಆಗುವುದು ಅದೇ. ಸ್ವಲ್ಪ ತಿರುಚಿದರೆ ಒಳ್ಳೆಯದೇ, ನಾಲ್ಕೂ ಗಾಲಿ ನೆಲಕ್ಕೆ ತಾಗಿರುತ್ತವೆ. ನಡುವಿನ ತುಂಡನ್ನು ಮಾತ್ರ ಪೆಟ್ಟಿಗೆಯಂತೆ ಮುಚ್ಚಿಬಿಟ್ಟರೆ ಅದು ಹತ್ತಾರು ಪಟ್ಟು ಬಿಗಿಯಾಗುತ್ತದೆ, ತಿರುಚೆಲ್ಲ ಅದರ ಎರಡು ತುದಿಗೆ ಹೋಗಿ ಬೀಳುತ್ತದೆ. ಮತ್ತೆ ಬಿರುಕು ಬೀಳುವುದು ಎಲ್ಲಿ ಅಂತ ಹೇಳಬೇಕಾಗಿಲ್ಲ.

ಎಂಜಿನ್ನಿನ ತಿರುಗುವ ಬಲವನ್ನು ಆಕ್ಸಲ್ಲಿಗೆ ಮುಟ್ಟಿಸುವ ಉದ್ದದ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟು, ಅದರ ಕತೆ ಬೇಗ ಮುಗಿಸುತ್ತೇನೆ. ಒಂದೂವರೆ ಪಟ್ಟು ಉದ್ದವಾದ ಶಾಫ್ಟು ನಡುಗಲು ಶುರುವಾಗುವ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಎರಡು ತುಂಡು ಮಾಡಿ ನಡುವೆ ಬೇರಿಂಗ್ ಕೊಡಬೇಕು. ಕತ್ತರಿಸಿ ಬೆಸೆಯುವಾಗ ಎರಡು ತುದಿಯ ಕವಲುಗಳು ಒಂದೇ ಸಾಲಿಗೆ ಬರಬೇಕು, ಇಲ್ಲದಿದ್ದರೆ ಆ ಕವಲುಗಳ ಕೀಲಿನಲ್ಲಿರುವ ಕ್ರಾಸುಗಳು ಬೇಗ ಹೋಗುತ್ತವೆ.

ಇಷ್ಟೆಲ್ಲ ಸರಿಮಾಡಿ ಜೀಪನ್ನು ಮಾಂದಲಪಟ್ಟಿ ಗುಡ್ಡದ ದಾರಿಗೆ ತಂದಿರಿ ಅನ್ನಿ. ಅಲ್ಲಿ ಬೇರೆ ಎರಡು ಲೆಕ್ಕ ಕಾಯುತ್ತಿವೆ. ನಡುಹೊಟ್ಟೆ ನೆಲದಿಂದ 12 ಇಂಚು ಎತ್ತರ ಇದ್ದರೆ, 80 ಇಂಚಿನ ಜೀಪು ಸುಮಾರು 33 ಡಿಗ್ರಿ ಮುರಿವಿನ (ಏರು ಮುಗಿದು ಇಳಿಜಾರಾಗುವಲ್ಲಿ ದಾರಿ ಮುರಿಯುವ ಕೋನ) ದಿಬ್ಬವನ್ನು ಹೊಟ್ಟೆ ತಾಗಿಸದೆ ದಾಟುತ್ತದೆ. 120 ಇಂಚಿನದು 23 ಡಿಗ್ರಿಗೂ ಸುಸ್ತು. ಮೊದಲಿನ ಹಾಗೇ ದಾಟಬೇಕಾದರೆ ಗಾಡಿಯನ್ನು 18 ಇಂಚಿಗೆ ಎತ್ತಬೇಕು, ಎತ್ತಿದರೆ ಓರೆ ದಾರಿಯಲ್ಲಿ ಮಗುಚುವ ಭಯ. ತಿರುವಿನಲ್ಲೂ ಹಾಗೆಯೇ. ಮುಂದಿನ ಗಾಲಿ 6 ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ ಗಿಡ್ಡ ಜೀಪಿನ ಹಿಂಗಾಲಿ ಅದಕ್ಕಿಂತ ಸುಮಾರು 14 ಇಂಚು ಒಳಗೆ ಹೋಗುತ್ತದೆ, ಉದ್ದದ್ದು 33 ಇಂಚು. ಒಳಬದಿಯಲ್ಲಿ ಚರಂಡಿ ಇದ್ದರೆ ಹಿಂಗಾಲಿ ಅದರೊಳಗೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಒತ್ತಿ ಹೇಳಿತು. "ನಮ್ಮದು ತೋಟದೊಳಗೆ ಮಾತ್ರ" ಅನ್ನುತ್ತಾರೆ. ಸಂತೆಯ ದಿನ ಅದೇ ಗಾಡಿ ಪೇಟೆಯಲ್ಲಿ ಸಿಗುತ್ತದೆ.

ಆ ಮೇಸ್ತ್ರಿ 20 ಇಂಚಿಗಿಂತ ಜಾಸ್ತಿ ಕೇಳಿ ಬಂದವರಿಗೆ ಒಂದೇ ಮಾತು ಹೇಳುತ್ತಾರೆ: "ಟ್ರೈಲರ್ ಕಟ್ಟಿಸಿಕೊಳ್ಳಿ." ನನಗೆ ಈ ಉತ್ತರ ಬಹಳ ಹಿಡಿಸಿತು. ಟ್ರೈಲರ್ ಜನಕ್ಕಲ್ಲ, ಸಾಮಾನಿಗೆ. ಕೊಂಡಿ ಇದ್ದಲ್ಲಿ ಬಗ್ಗಿಸುವ ಬಲ ದಾಟುವುದಿಲ್ಲ. ಹಾಗಾಗಿ ಉದ್ದದ ಘನವೂ ಇಲ್ಲ, ಬೆಸುಗೆಯ ಬಿರುಕೂ ಇಲ್ಲ. ದಿಬ್ಬ ಬಂದರೆ ಕೊಂಡಿಯಲ್ಲಿ ಮಡಚಿಕೊಂಡು ದಾಟುತ್ತದೆ. ಮೊದಲ ಜೀಪು ಮಾಡಿದ ಬ್ಯಾಂಟಮ್ ಕಂಪನಿ, ಆರ್ಡರು ಕೈತಪ್ಪಿದ ಮೇಲೆ, ಯುದ್ಧದ ಉಳಿದ ದಿನಗಳಲ್ಲಿ ಮಾಡುತ್ತಿದ್ದದ್ದೂ ಜೀಪಿಗೆ ಕಟ್ಟುವ ಎರಡು ಗಾಲಿಯ ಟ್ರೈಲರುಗಳನ್ನೇ. ಒಂದೇ ತೊಂದರೆ, ಕೆಸರಿನ ಇಳಿಜಾರಿನಲ್ಲಿ ರಿವರ್ಸ್ ತೆಗೆಯುವಾಗ ಟ್ರೈಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಬೇಕು. ಅದನ್ನು ಕಲಿಯುವವರೆಗೆ ತೋಟದ ಬೇಲಿಯ ಒಂದೆರಡು ಕಂಬ ಹೋಗುತ್ತವೆ.