ಡಿಕ್ಕಿ ಕೊರೆಯುವ ಮುನ್ನ ಕಾರಿನ ಅಡಿಗೆ ಹೋಗಿ ನೋಡಿ

ಡಿಕ್ಕಿಯಲ್ಲಿ ಆಂಪ್ಲಿಫೈಯರ್ (ಸ್ಪೀಕರಿಗೆ ಹೋಗುವ ಸಿಗ್ನಲ್ಲಿಗೆ ಬಲ ತುಂಬುವ ಪೆಟ್ಟಿಗೆ) ಕೂರಿಸಬೇಕೆಂದು ಸ್ಪೋರ್ಟ್ಸ್ ಕಾರು ಬಂದರೆ ನಾನು ಮೊದಲು ಅದನ್ನು ಲಿಫ್ಟಿನ ಮೇಲೆ ಏರಿಸಿ, ಟಾರ್ಚು ಹಿಡಿದು ಅಡಿಗೆ ಹೋಗುತ್ತೇನೆ. ಮೇಲಿನಿಂದ ಕಾರ್ಪೆಟ್ಟು ಹಾಸಿ ಮಟ್ಟಸವಾಗಿ ಕಾಣುವ ಜಾಗದ ಕೆಳಗೆ ಪೆಟ್ರೋಲ್ ಟ್ಯಾಂಕಿನ ಅಂಚಿರಬಹುದು, ಬ್ರೇಕ್ ಪೈಪು ಹಾದುಹೋಗಿರಬಹುದು, ಸೈಲೆನ್ಸರ್ ತೂಗುತ್ತಿರಬಹುದು. ಬೇರೆಲ್ಲೋ ಕೆಲಸ ಮಾಡಿಸಿದ್ದ ಕಾರೊಂದು ಒಮ್ಮೆ ನನ್ನ ಬಳಿ ಬಂತು. ಸ್ಪೀಕರಿನಲ್ಲಿ ಕೀಂ ಎಂಬ ಸದ್ದು ಬರುತ್ತದೆ ಅನ್ನುವುದಷ್ಟೇ ದೂರು. ಅಡಿಗೆ ಹೋಗಿ ನೋಡಿದರೆ ಆಂಪ್ಲಿಫೈಯರಿನ ಒಂದು ಸ್ಕ್ರೂವಿನ ಮೊನೆ ತಗಡು ದಾಟಿ, ಪೆಟ್ರೋಲ್ ತುಂಬುವ ಕೊಳವೆಯ ರಬ್ಬರಿಗೆ ತಾಗಿ ನಿಂತಿತ್ತು. ಗಾಡಿ ಅದುರಿದಾಗಲೆಲ್ಲ ಅದು ರಬ್ಬರನ್ನು ಕೆರೆಯುತ್ತಿತ್ತು. ಸದ್ದಿನ ಗೊಡವೆಗೆ ಹೋಗದೆ ಆ ದಿನ ಎಲ್ಲ ಸ್ಕ್ರೂಗಳನ್ನೂ ಬಿಚ್ಚಿಸಿ, ಕೊಳವೆ ಬದಲಿಸಿ ಎಂದು ಹೇಳಿ ಕಳಿಸಿದೆ.

ಅಂದಿನಿಂದ ನನ್ನ ಕೆಲಸಕ್ಕೆ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ: ಕಾರಿನ ತಗಡಿಗೆ ಹೊಸ ತೂತು ಕೊರೆಯದೆ ಆಗುವುದಾದರೆ ಕೊರೆಯಬಾರದು. ಕಂಪನಿಯವರು ಬಿಟ್ಟ ಬೋಲ್ಟಿನ ತೂತುಗಳು ಎಲ್ಲ ಡಿಕ್ಕಿಯಲ್ಲೂ ಇರುತ್ತವೆ. ಸ್ಟೆಪ್ನಿ ಬಿಗಿಯುವ ಬೋಲ್ಟು, ಜ್ಯಾಕ್ ಹಿಡಿಸುವ ಪಟ್ಟಿ, ಪಕ್ಕದ ಪ್ಯಾನೆಲ್ಲಿನ ಕ್ಲಿಪ್ಪುಗಳ ಜಾಗ. ಇವನ್ನೇ ಆಧಾರ ಮಾಡಿಕೊಂಡು ಒಂದು ಸುಳ್ಳು ನೆಲ, ಅಂದರೆ ಎರಡನೇ ಹಲಗೆ, ಕಟ್ಟಿದರೆ ನಾಳೆ ಕಾರು ಮಾರುವಾಗ ನಾಲ್ಕು ಬೋಲ್ಟು ಬಿಚ್ಚಿ ಎಲ್ಲವನ್ನೂ ಮೊದಲಿನಂತೆ ಮಾಡಬಹುದು. ಇಂಥ ಕಾರು ಕೊಳ್ಳಲು ಬರುವವರು ಡಿಕ್ಕಿಯ ಕಾರ್ಪೆಟ್ಟು ಎತ್ತಿ ನೋಡದೆ ಹೋಗುವುದಿಲ್ಲ.

ಜಾಗದ ವಿಷಯದಲ್ಲಿ ಒಂದೊಂದು ಕಾರಿನದೂ ಒಂದೊಂದು ಬಗೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರಲ್ಲಿ ಬ್ಯಾಟರಿಯೂ ಸ್ಟೆಪ್ನಿಯೂ ಡಿಕ್ಕಿಯಲ್ಲೇ ಇವೆ. ಜಾಗ ಕಮ್ಮಿ, ಆದರೆ ಬ್ಯಾಟರಿ ಪಕ್ಕದಲ್ಲೇ ಇರುವುದು ವೈರಿಂಗಿಗೆ ವರದಾನ. ಅದರ ಬ್ಯಾಟರಿಯಿಂದ ಗಾಳಿ ಹೊರಹೋಗಲು ಸಣ್ಣ ಕೊಳವೆ ಇದೆ. ಹಲಗೆ ಕೂರಿಸುವ ಭರದಲ್ಲಿ ಅದನ್ನು ಅದುಮಿದರೆ ಚಾರ್ಜ್ ಆಗುವಾಗ ಹುಟ್ಟುವ ಹೈಡ್ರೋಜನ್ ಡಿಕ್ಕಿಯಲ್ಲೇ ಉಳಿಯಬಹುದು. ಪೋರ್ಷೆ ಬಾಕ್ಸ್‌ಸ್ಟರ್‌ಗೆ ಇಂಜಿನ್ ನಡುವೆ ಇರುವುದರಿಂದ ಹಿಂದೊಂದು, ಮುಂದೊಂದು, ಹೀಗೆ ಎರಡು ಡಿಕ್ಕಿ. ಹಿಂದಿನದು ಇಂಜಿನ್ನಿನ ಬೆನ್ನಿಗೇ ಅಂಟಿಕೊಂಡಿದೆ. ನಾನಾದರೆ ಮುಂದಿನದನ್ನೇ ಆರಿಸುತ್ತೇನೆ. ನಿಸಾನ್ 350ಝಡ್‌ನ ಡಿಕ್ಕಿಗೆ ಅಡ್ಡವಾಗಿ ದಪ್ಪ ಲೋಹದ ಅಡ್ಡಪಟ್ಟಿಯಿದೆ. ಕಾರಿನ ಬಾಡಿ ತಿರುಚದಂತೆ ಹಿಡಿಯುವುದು ಅದರ ಕೆಲಸ. ಅದನ್ನು ಕೊರೆಯುವುದಾಗಲಿ, ಅದರಿಂದ ಭಾರ ತೂಗುಹಾಕುವುದಾಗಲಿ ಬೇಡ. ಇನ್ನು ಮೇಲ್ಛಾವಣಿ ಮಡಚಿ ಡಿಕ್ಕಿಗೆ ಇಳಿಯುವ ಕಾರಾದರೆ, ಛಾವಣಿ ಒಳಗಿದ್ದಾಗಲೇ ಅಳತೆ ತೆಗೆಯಬೇಕು.

ಅಳತೆಗೆ ಟೇಪಿಗಿಂತ ರಟ್ಟು ಒಳ್ಳೆಯದು. ಈ ಡಿಕ್ಕಿಗಳಲ್ಲಿ ನೇರ ಗೋಡೆ ಎಂಬುದೇ ಇರುವುದಿಲ್ಲ. ಹಳೇ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ, ಒತ್ತಿ, ಮತ್ತೆ ಕತ್ತರಿಸಿ ಅಚ್ಚು ಮಾಡಿ. ಆಂಪ್ಲಿಫೈಯರಿನ ಅಳತೆಯ ಒಂದು ರಟ್ಟಿನ ಪೆಟ್ಟಿಗೆಯನ್ನೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಳ ಮುಚ್ಚಿ ನೋಡಿ. ಮುಚ್ಚಳದ ಹಿಂಜು ಕೆಳಗಿಳಿಯುವಾಗ ಅದಕ್ಕೆ ಎಷ್ಟು ಜಾಗ ಬೇಕು ಅನ್ನುವುದು ಹಾಗೆ ಮುಚ್ಚಿದಾಗಲೇ ತಿಳಿಯುವುದು. ಕನೆಕ್ಟರುಗಳು ಬದಿಯಿಂದ ಹೊರಚಾಚುವ ಮೂರು ನಾಲ್ಕು ಸೆಂಟಿಮೀಟರನ್ನು ಮಾತ್ರ ಮರೆಯಬೇಡಿ.

ಹಲಗೆಗೆ ಬಹಳ ಮಂದಿ 18 ಮಿಲಿಮೀಟರ್ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಬಳಸುತ್ತಾರೆ. ಅರ್ಧ ಚದರ ಮೀಟರಿಗೆ ಅದು ಸುಮಾರು ಆರೂಮುಕ್ಕಾಲು ಕಿಲೋ ತೂಗುತ್ತದೆ. ಅದೇ ಅಳತೆಯ 12 ಮಿಲಿಮೀಟರ್ ಬರ್ಚ್ ಪ್ಲೈವುಡ್ ನಾಲ್ಕು ಕಿಲೋದ ಆಸುಪಾಸು. ಎಂಡಿಎಫ್ ನೀರು ಕುಡಿದರೆ ಉಬ್ಬುತ್ತದೆ, ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ತೂಕದ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಹಿಂದಿನ ಚಕ್ರಗಳಿಂದಾಚೆ ಸೇರಿಸಿದ ಪ್ರತಿ ಕಿಲೋವೂ ತಿರುವಿನಲ್ಲಿ ಲೋಲಕದಂತೆ ಎಳೆಯುತ್ತದೆ. ತಿರುವಿನಲ್ಲಿ ಚುರುಕಾಗಿ ಹೊರಳಲೆಂದೇ ಇಷ್ಟಪಟ್ಟು ಕೊಂಡ ಕಾರಿಗೆ ಇಪ್ಪತ್ತು ಕಿಲೋ ಮರ ಹೇರುವುದು ನನಗೆ ಸಹಿಸಲಾಗದ ಸಂಗತಿ. ಆಂಪ್ಲಿಫೈಯರನ್ನು ಹಲಗೆಗೆ ಬಿಗಿಯಲು ಮರದ ಸ್ಕ್ರೂ ಬಿಟ್ಟು, ಅಡಿಯಲ್ಲಿ ಟಿ-ನಟ್ಟು (ಮರಕ್ಕೆ ಹಲ್ಲೂರಿ ಕೂರುವ ನಟ್ಟು) ಕೂರಿಸಿ ಬೋಲ್ಟು ಹಾಕಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು 60 ಸೆಂಟಿಮೀಟರ್ ದೂರದಲ್ಲಿ ನಿಂತುಬಿಟ್ಟರೆ ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 16 ಪಟ್ಟು ಬಲದಿಂದ ಮುನ್ನುಗ್ಗುತ್ತದೆ. ನಾಲ್ಕು ಕಿಲೋದ ಆಂಪ್ಲಿಫೈಯರು ಆ ಕ್ಷಣಕ್ಕೆ 64 ಕಿಲೋ. ಎರಡೇ ಸೀಟಿನ ಕಾರಿನಲ್ಲಿ ಅದಕ್ಕೂ ನಿಮ್ಮ ಬೆನ್ನಿಗೂ ನಡುವೆ ಹೆಚ್ಚೇನೂ ಇರುವುದಿಲ್ಲ.

ಸಬ್‌ವೂಫರ್, ಅಂದರೆ ತಗ್ಗು ಸ್ವರದ ಸ್ಪೀಕರ್, ಇರುವ ಪೆಟ್ಟಿಗೆಯ ಮೇಲೆಯೇ ಆಂಪ್ಲಿಫೈಯರ್ ಬಿಗಿಯುವ ರೂಢಿಯಿದೆ, ಜಾಗ ಉಳಿಯುತ್ತದೆಂದು. ದಿನವಿಡೀ ಅದುರುವ ಹಲಗೆ ಒಳಗಿನ ಬೆಸುಗೆಗಳನ್ನು ಸಡಿಲಿಸುತ್ತದೆ. ಬೇಡ.

ಈಗ ಬಿಸಿಯ ವಿಷಯ. ಇದರಲ್ಲಿ ಎಡವಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಸ್ಪೀಕರಿಗೆ 500 ವಾಟ್ ಕೊಡುವ, ಕ್ಲಾಸ್-ಡಿ ಎಂಬ ಬಗೆಯ ಆಂಪ್ಲಿಫೈಯರಿನ ದಕ್ಷತೆ ನೂರಕ್ಕೆ 80 ಎಂದಿಟ್ಟುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಅದು 125 ವಾಟ್ ಬಿಸಿ ಬಿಡುತ್ತದೆ. ನೂರಕ್ಕೆ 60 ದಕ್ಷತೆಯ ಕ್ಲಾಸ್-ಎಬಿ ಎಂಬ ಬಗೆಯದಾದರೆ 330 ವಾಟಿಗೂ ಮಿಗಿಲು. ಸಂಗೀತ ಎಲ್ಲ ಹೊತ್ತೂ ಪೂರ್ತಿ ಶಕ್ತಿ ಕೇಳುವುದಿಲ್ಲ, ನಿಜ. ಆದರೂ ಗಾಳಿಯಾಡದ, ಕೆಳಗೆ ಸೈಲೆನ್ಸರ್ ಕಾಯುವ, ಮೇಲೆ ಬಿಸಿಲು ಬೀಳುವ ಪುಟ್ಟ ಪೆಟ್ಟಿಗೆಯಂಥ ಡಿಕ್ಕಿಯಲ್ಲಿ ಈ ಎರಡರ ಅಂತರ ದೊಡ್ಡದು. ಹಾಗಾಗಿ ಸ್ಪೋರ್ಟ್ಸ್ ಕಾರಿಗೆ ನಾನು ಕ್ಲಾಸ್-ಡಿಯನ್ನೇ ಹೇಳುತ್ತೇನೆ, ಗಾತ್ರವೂ ಚಿಕ್ಕದು. ಸುತ್ತ ಐದು ಸೆಂಟಿಮೀಟರ್ ಖಾಲಿ ಬಿಡಿ. ನಿಲ್ಲಿಸಿ ಕೂರಿಸುವುದಾದರೆ ಹೀಟ್‌ಸಿಂಕಿನ (ಬಿಸಿ ಹೊರಹಾಕುವ ಲೋಹದ ಮೈಯ) ಗೆರೆಗಳು ಮೇಲಿಂದ ಕೆಳಕ್ಕಿರಲಿ, ಬಿಸಿಗಾಳಿ ಅವುಗಳ ನಡುವೆ ತಾನಾಗಿ ಮೇಲೇರುತ್ತದೆ. ತಲೆಕೆಳಗಾಗಿ ತೂಗುಹಾಕಿದರೆ ಆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುಳ್ಳು ನೆಲದ ಕೆಳಗೆ ಹುದುಗಿಸಿದ್ದರೆ ಒಂದು ಬದಿಯಲ್ಲಿ ಗಾಳಿ ಎಳೆಯುವ ಸಣ್ಣ ಫ್ಯಾನು, ಎದುರು ಬದಿಯಲ್ಲಿ ತೆರೆದ ಕಿಂಡಿ ಬೇಕೇ ಬೇಕು.

ಇದರ ಜೊತೆಗೆ ಇನ್ನೊಂದು ಕಿಂಡಿಯನ್ನೂ ಕಾಪಾಡಬೇಕು. ಬಹಳಷ್ಟು ಕಾರುಗಳಲ್ಲಿ ಡಿಕ್ಕಿಯ ಪಕ್ಕದ ಪ್ಯಾನೆಲ್ಲಿನ ಹಿಂದೆ, ಬಂಪರಿನ ಒಳಬದಿಯಲ್ಲಿ, ರಬ್ಬರ್ ರೆಕ್ಕೆಯ ಗಾಳಿಕಿಂಡಿ ಇರುತ್ತದೆ. ಬಾಗಿಲು ಮುಚ್ಚಿದಾಗ ಒಳಗಿನ ಗಾಳಿ ಹೊರಹೋಗುವುದು ಅಲ್ಲಿಂದ. ಹೊಸ ಹಲಗೆಯಿಂದ ಅದು ಮುಚ್ಚಿಹೋದರೆ ಬಾಗಿಲು ಹಾಕಲು ಬಲ ಬೇಕಾಗುತ್ತದೆ, ಗಾಜಿನ ಮೇಲೆ ಮಂಜು ಕಟ್ಟುತ್ತದೆ.

ವೈರಿನ ಲೆಕ್ಕ ಕಷ್ಟದ್ದಲ್ಲ. ಅದೇ 500 ವಾಟಿಗೆ 80ರ ದಕ್ಷತೆಯಲ್ಲಿ 625 ವಾಟ್ ಬೇಕು, 13.8 ವೋಲ್ಟಿನಲ್ಲಿ ಅದು ಸುಮಾರು 45 ಆಂಪಿಯರ್. ಬ್ಯಾಟರಿ ಮುಂದಿದ್ದು ಐದು ಮೀಟರ್ ವೈರ್ ಎಳೆಯಬೇಕಾದರೆ 8 ಗೇಜಿನಲ್ಲಿ (ಗೇಜಿನ ಅಂಕಿ ಚಿಕ್ಕದಾದಷ್ಟೂ ವೈರು ದಪ್ಪ) ಅರ್ಧ ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತದೆ, 4 ಗೇಜಿನಲ್ಲಿ 0.2 ವೋಲ್ಟಿಗಿಂತ ಕಮ್ಮಿ. ಇದು ಅಪ್ಪಟ ತಾಮ್ರದ ಲೆಕ್ಕ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರಿಗೆ ತಡೆ ಒಂದೂವರೆ ಪಟ್ಟು, ನೋಡಲು ಮಾತ್ರ ಎರಡೂ ಒಂದೇ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬೆಳ್ಳಿ ಬಣ್ಣ ಕಾಣುತ್ತದೆ. ಆದರೆ ಒಳ್ಳೆಯ ತಾಮ್ರಕ್ಕೂ ಕೆಲವೊಮ್ಮೆ ತವರ ಲೇಪಿಸಿರುತ್ತಾರೆ, ಆದ್ದರಿಂದ ಆಳವಾಗಿಯೇ ಕೆರೆಯಿರಿ.

ಫ್ಯೂಸು ಬ್ಯಾಟರಿಯಿಂದ 45 ಸೆಂಟಿಮೀಟರಿನ ಒಳಗೆ ಇರಲಿ. ಅದು ಕಾಯುವುದು ವೈರನ್ನು. ಎಲ್ಲೋ ಉಜ್ಜಿ ತಗಡಿಗೆ ತಾಗಿದರೆ ಬೆಂಕಿ ಹತ್ತುವುದು ಫ್ಯೂಸಿಗೂ ಬ್ಯಾಟರಿಗೂ ನಡುವೆ ಉಳಿದ ತುಂಡಿಗೆ. ಬ್ಯಾಟರಿ ಡಿಕ್ಕಿಯಲ್ಲೇ ಇದೆ, ವೈರು ಮೊಳದುದ್ದ ಎಂದು ಫ್ಯೂಸು ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ತಗಡು ದಾಟುವ ಪ್ರತಿ ಜಾಗದಲ್ಲೂ ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ಬಳೆ, ಹಾಕಿ. ಅರ್ಥಿಂಗಿಗೆ ಬಣ್ಣ ಪೂರ್ತಿ ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟು ಬಿಗಿಯಿರಿ, ಮೇಲೆ ತುಕ್ಕು ಹಿಡಿಯದಂತೆ ಬಣ್ಣ ಬಳಿಯಿರಿ. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕೆ ಎಂದೂ ಬಳಸಕೂಡದು, ಅದು ಬಿಗಿದ ಲೆಕ್ಕ ಜೀವ ಉಳಿಸುವುದಕ್ಕೆ. ಆ ಕೀಂ ಸದ್ದಿನ ಕಾರಿನಲ್ಲಿ ಕೊನೆಗೆ ಸಿಕ್ಕ ಕಾರಣವೂ ಅರ್ಥಿಂಗೇ: ಬಣ್ಣದ ಮೇಲೆಯೇ ಸ್ಕ್ರೂ ತಿರುಗಿಸಿದ್ದರು. ಆಲ್ಟರ್ನೇಟರಿನ ಏರಿಳಿತ ಸಿಗ್ನಲ್ ವೈರಿನ ಮೂಲಕ ಸ್ಪೀಕರಿಗೆ ಬರುತ್ತಿತ್ತು, ಆಕ್ಸಿಲರೇಟರ್ ಒತ್ತಿದಂತೆ ಕೀಂ ಸದ್ದು ಏರುತ್ತಿತ್ತು. ಕೆರೆದು ಬಿಗಿದ ಮೇಲೆ ನಿಂತಿತು.

ಕೂರಿಸಿದ ಮೇಲೆ ಗೇನ್ ತಿರುಪನ್ನು (ಒಳಬರುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು) ವಾಲ್ಯೂಮಿನಂತೆ ತಿರುಗಿಸುತ್ತಾ ಹೋಗಬೇಡಿ. ಸ್ಪೀಕರ್ ವೈರು ಬಿಚ್ಚಿ, ಪರೀಕ್ಷಾ ಸ್ವರ ಹಾಕಿ, ಮಲ್ಟಿಮೀಟರಿನಿಂದ ನೋಡಿ. ಪ್ರತಿ ಚಾನೆಲ್ಲಿಗೆ 4 ಓಮಿನಲ್ಲಿ 75 ವಾಟ್ ಇದ್ದರೆ ಔಟ್‌ಪುಟ್ಟಿನಲ್ಲಿ 17.3 ವೋಲ್ಟ್ ಬಂದಲ್ಲಿಗೆ ನಿಲ್ಲಿಸಿ. ಅದಕ್ಕೂ ಮೇಲೆ ಹೋದರೆ ಸ್ವರದ ತಲೆ ಕತ್ತರಿಸಿದಂತಾಗುತ್ತದೆ, ಸ್ಪೀಕರಿನ ಸುರುಳಿ ಸುಡುತ್ತದೆ.

ಒಂದು ವಾರ ಓಡಿಸಿ ಬನ್ನಿ ಎನ್ನುತ್ತೇನೆ. ಬಂದಾಗ ಕಾರ್ಪೆಟ್ಟು ಎತ್ತಿ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕುತ್ತೇನೆ, ಹೀಟ್‌ಸಿಂಕಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ, ಮೂಲೆಗಳಲ್ಲಿ ತೇವವಿದೆಯೇ ಎಂದು ಬೆರಳಾಡಿಸುತ್ತೇನೆ. ಆಮೇಲೆ ಮಾಲೀಕರ ಕೈಗೇ ಸ್ಪ್ಯಾನರ್ ಕೊಟ್ಟು, ಹಲಗೆ ಬಿಚ್ಚಿ ಸ್ಟೆಪ್ನಿ ಹೊರತೆಗೆಯಲು ಹೇಳುತ್ತೇನೆ. ಹತ್ತು ನಿಮಿಷದೊಳಗೆ ಅದು ಹೊರಬರದಿದ್ದರೆ ಹಲಗೆಯನ್ನು ಮತ್ತೆ ಕತ್ತರಿಸುವುದು ನನ್ನ ಪಾಲಿನ ಕೆಲಸ.