ಆರ್ಚಿ ಬಂಕರ್‌ನ ಮನೆಯೂ ಸಲಿಂಗಿಗಳೂ: 1971ರಿಂದ 1978ರವರೆಗೆ

1971ರ ಫೆಬ್ರವರಿ 9ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ ಎಂಬ ಹಾಸ್ಯ ಧಾರಾವಾಹಿಯ ಐದನೆಯ ಕಂತು ಪ್ರಸಾರವಾಯಿತು. ಆ ಮನೆಯ ಯಜಮಾನ ಆರ್ಚಿ ಬಂಕರ್ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದವನು; ಕಾರ್ಖಾನೆಯೊಂದರಲ್ಲಿ ಸರಕು ಏರಿಸಿ ಇಳಿಸುವವರ ಮೇಸ್ತ್ರಿ. ಕರಿಯರು, ಯಹೂದಿಗಳು, ವಲಸಿಗರು, ಹೊಸ ಕಾಲದ ಹೆಂಗಸರು, ಹೀಗೆ ತನ್ನಂತಿಲ್ಲದ ಯಾರನ್ನು ಕಂಡರೂ ಅವನಿಗೆ ಆಗದು. ಅಂದಿನ ಕಂತಿನಲ್ಲಿ ಮಗಳು ಗ್ಲೋರಿಯಾ ಮತ್ತು ಅಳಿಯ ಮೈಕ್ ತಮ್ಮ ಸ್ನೇಹಿತ ರೋಜರ್‌ನನ್ನು ಮನೆಗೆ ಕರೆಯುತ್ತಾರೆ. ಅವನ ನಯವಾದ ಮಾತು, ನಾಜೂಕಾದ ನಡೆ ಕಂಡೊಡನೆ ಆರ್ಚಿ ತೀರ್ಪು ಕೊಟ್ಟುಬಿಡುತ್ತಾನೆ: ಇವನು ‘ಅಂಥವನು’. ಅವನು ಬಳಸುವ ಪದಗಳು ನಮ್ಮಲ್ಲಿ ಶಾಲೆಯ ಹಿಂದಿನ ಬೆಂಚುಗಳಿಂದ ತೂರಿಬರುವ ‘ಹೆಣ್ಣಿಗ’ ಎಂಬ ಮಾತಿನಷ್ಟೇ ಹರಿತವಾದವು.

ಆದರೆ ರೋಜರ್ ಸಲಿಂಗಿಯಲ್ಲ. ಸಲಿಂಗಿಯಾಗಿರುವವನು ಸ್ಟೀವ್, ಕೆಲ್ಸಿಯ ಬಾರಿನಲ್ಲಿ ಆರ್ಚಿಯೊಡನೆ ಕುಡಿಯುವ, ಒಂದು ಕಾಲಕ್ಕೆ ಫುಟ್‌ಬಾಲ್ ಆಡಿ ಹೆಸರು ಮಾಡಿದ, ಆರ್ಚಿ ಗಂಡಸುತನದ ಮಾದರಿಯೆಂದು ಮೆಚ್ಚಿಕೊಂಡ ಆಜಾನುಬಾಹು. ಅಳಿಯ ಹೇಳಿದ್ದನ್ನು ನಂಬದ ಆರ್ಚಿ ನೇರವಾಗಿ ಬಾರಿಗೆ ಹೋಗಿ, ಸ್ಟೀವ್‌ನೊಡನೆ ಪಂಜ ಕುಸ್ತಿ ಆಡುತ್ತ ವಿಷಯ ಎತ್ತುತ್ತಾನೆ. ಸ್ಟೀವ್ ಅದನ್ನು ಅಲ್ಲಗಳೆಯುವುದಿಲ್ಲ, ನಾಚಿಕೊಳ್ಳುವುದೂ ಇಲ್ಲ. ನಿನ್ನ ಅಳಿಯ ಹೇಳಿದ್ದು ಸರಿ ಎನ್ನುತ್ತಾನೆ. ಆರ್ಚಿ ಆಗಲೂ ನಂಬುವುದಿಲ್ಲ. ನಂಬಿದರೆ ಅವನು ಬದಲಿಸಿಕೊಳ್ಳಬೇಕಾದದ್ದು ಸ್ಟೀವ್‌ನ ಬಗೆಗಿನ ಅಭಿಪ್ರಾಯವೊಂದನ್ನೇ ಅಲ್ಲ, ಗಂಡಸು ಎಂದರೆ ಏನು ಎಂಬ ತನ್ನ ಇಡೀ ತಿಳಿವಳಿಕೆಯನ್ನು. ಪೂರ್ವಗ್ರಹವು ಅರಿಯದೆ ಬರುತ್ತದೆ, ತಿಳಿಸಿ ಹೇಳಿದರೆ ಹೋಗುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ಆ ಒಂದು ದೃಶ್ಯ ತೋರಿಸಿದಷ್ಟು ಚೊಕ್ಕವಾಗಿ ಬೇರೆಡೆ ನಾನು ಕಂಡಿಲ್ಲ.

ಅದು ಎಂಥ ಕಾಲವೆಂಬುದನ್ನು ಮರೆಯಬಾರದು. ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಸಲಿಂಗಿಗಳು ತಿರುಗಿಬಿದ್ದು ಇನ್ನೂ ಎರಡು ವರ್ಷವಾಗಿರಲಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸಲಿಂಗ ಸಂಬಂಧ ಅಪರಾಧವಾಗಿತ್ತು. ಅಮೆರಿಕನ್ ಮನೋವೈದ್ಯರ ಸಂಘ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರ ಡಿಸೆಂಬರ್‌ನಲ್ಲಿ. ಇದೇ ಸಿಬಿಎಸ್ ವಾಹಿನಿ 1967ರ ಮಾರ್ಚ್‌ನಲ್ಲಿ ಸಲಿಂಗಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿದಾಗ, ಮೂವರಲ್ಲಿ ಇಬ್ಬರು ಅಮೆರಿಕನ್ನರು ಅವರನ್ನು ಅಸಹ್ಯ, ಕಸಿವಿಸಿ ಇಲ್ಲವೇ ಭಯದಿಂದ ಕಾಣುತ್ತಾರೆಂದು ತನ್ನದೇ ಸಮೀಕ್ಷೆಯ ಆಧಾರದ ಮೇಲೆ ಹೇಳಿತ್ತು.

ಆರ್ಚಿಯನ್ನು ಅಮೆರಿಕದ ಪರದೆಗೆ ತಂದ ನಾರ್ಮನ್ ಲಿಯರ್ ಅವರಿಗೆ ಬ್ರಿಟನ್ನಿನ ಬಿಬಿಸಿ ಧಾರಾವಾಹಿಯೊಂದು ಮಾದರಿಯಾಗಿತ್ತು; ಪಾತ್ರದ ಜೀವ ಬಂದದ್ದು ಮಾತ್ರ ಅವರ ಸ್ವಂತ ತಂದೆಯಿಂದ. ಹೆಂಡತಿಯ ಬಾಯಿ ಮುಚ್ಚಿಸಲು ಆರ್ಚಿ ಬಳಸುವ ಮಾತು ಲಿಯರ್ ತಮ್ಮ ತಂದೆಯ ಬಾಯಲ್ಲೇ ಕೇಳಿದ್ದು. ಇದರಿಂದಾಗಿಯೇ ಆರ್ಚಿ ಖಳನಾಗಲಿಲ್ಲ. ಕ್ಯಾರೊಲ್ ಒ’ಕಾನರ್ ಅವನನ್ನು ದುಡಿದು ದಣಿದ, ಲೋಕ ತನ್ನ ಕೈಮೀರಿ ಹೋಗುತ್ತಿದೆಯೆಂದು ಒಳಗೊಳಗೇ ಹೆದರಿದ, ಮನೆಯವರನ್ನು ತನ್ನ ರೀತಿಯಲ್ಲಿ ಪ್ರೀತಿಸುವ ಅಪ್ಪನನ್ನಾಗಿ ಅಭಿನಯಿಸಿದರು.

ಸ್ಟೀವ್‌ನ ಕಂತಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಶ್ವೇತಭವನದಲ್ಲಿ ದಾಖಲಾಯಿತು. 1971ರ ಮೇ 13ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಸಹಾಯಕರಾದ ಹಾಲ್ಡಮನ್ ಮತ್ತು ಅರ್ಲಿಕ್‌ಮನ್ ಅವರಿಗೆ, ಟಿವಿಯಲ್ಲಿ ತಾವು ನೋಡಿದ ಈ ಕಥೆಯನ್ನು ಸಿಟ್ಟಿನಿಂದ ವಿವರಿಸಿದ್ದು ಕಚೇರಿಯ ಗುಪ್ತ ಧ್ವನಿಮುದ್ರಣದಲ್ಲಿ ಉಳಿದಿದೆ. ಸಾರ್ವಜನಿಕ ವಾಹಿನಿಯಲ್ಲಿ ಇದನ್ನು ವೈಭವೀಕರಿಸಬಾರದೆಂಬುದು ಅವರ ದೂರು. ಗ್ರೀಕರು ಹಾಳಾದದ್ದು ಇದರಿಂದಲೇ ಎಂದರು. ಅರಿಸ್ಟಾಟಲ್, ಸಾಕ್ರೆಟಿಸ್ ಹೆಸರುಗಳನ್ನು ಎಳೆದು ತಂದರು. ಸಲಿಂಗಿಗಳ ನಗರವೆಂದೇ ಹೆಸರಾದ ಸ್ಯಾನ್ ಫ್ರಾನ್ಸಿಸ್ಕೋದವರ ಕೈಕುಲುಕಲೂ ತಮ್ಮಿಂದಾಗದು ಎಂದರು. ದಶಕಗಳ ಬಳಿಕ ಅದನ್ನು ಕೇಳಿಸಿಕೊಂಡವರಿಗೆ ಆರ್ಚಿಯ ದನಿ ಎಲ್ಲಿ ಮುಗಿಯಿತು, ದೇಶದ ಮುಖ್ಯಸ್ಥನ ದನಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಾಯಿತು.

ಇನ್ನೊಂದು ಕಡೆಯಿಂದ ಬಂದ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಲೇಖಕಿ ಲಾರಾ ಹಾಬ್ಸನ್ 1971ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದು, ದ್ವೇಷವನ್ನು ಮುದ್ದಾಗಿಸಿ ತೋರಿಸುವುದು ದ್ವೇಷವನ್ನು ತೊಳೆದು ಶುಭ್ರಗೊಳಿಸಿದಂತೆ ಎಂದು ವಾದಿಸಿದರು. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಅಮೆರಿಕ ಮತ್ತು ಕೆನಡಾದ ವೀಕ್ಷಕರನ್ನು ಅಧ್ಯಯನ ಮಾಡಿ, ಪೂರ್ವಗ್ರಹ ಹೆಚ್ಚಾಗಿರುವವರು ಅಳಿಯನಿಗಿಂತ ಆರ್ಚಿಯನ್ನು ಮೆಚ್ಚಿಕೊಳ್ಳುವ ಸಂಭವವೇ ಹೆಚ್ಚೆಂದು ಕಂಡುಕೊಂಡರು. ಲಿಯರ್ ಬಯಸಿದ್ದು ಆರ್ಚಿಯನ್ನು ನೋಡಿ ನಗುವವರನ್ನು. ಆರ್ಚಿಯ ಜೊತೆ ಸೇರಿ ನಕ್ಕವರೂ ದೊಡ್ಡ ಸಂಖ್ಯೆಯಲ್ಲಿದ್ದರು. 1971ರಿಂದ 1976ರವರೆಗೆ ಸತತ ಐದು ಪ್ರಸಾರ ವರ್ಷ ಈ ಧಾರಾವಾಹಿ ದೇಶದಲ್ಲೇ ಅತಿ ಹೆಚ್ಚು ವೀಕ್ಷಕರನ್ನು ಪಡೆದದ್ದರಲ್ಲಿ ಇಬ್ಬರ ಪಾಲೂ ಇದೆ. ಈ ಆಕ್ಷೇಪವನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅವಹೇಳನದ ಮಾತಿಗೆ ಮನೆಮಂದಿಯೆಲ್ಲ ನಗುವಾಗ, ಅದೇ ಮನೆಯಲ್ಲಿ ತನ್ನ ಗುಟ್ಟನ್ನು ಯಾರಿಗೂ ಹೇಳಲಾರದೆ ಕುಳಿತ ಹದಿನಾರರ ಹುಡುಗನಿಗೆ ಆ ನಗು ಯಾರನ್ನು ಕುರಿತದ್ದೆಂದು ಬಿಡಿಸಿ ಹೇಳುವವರು ಯಾರಿದ್ದರು?

1975ರ ಹೊತ್ತಿಗೆ ಬರಹಗಾರರು ಬೇರೊಂದು ದಾರಿ ಹಿಡಿದರು. ಆ ವರ್ಷದ ಕಂತೊಂದರಲ್ಲಿ, ಬಾಡಿಗೆ ಟ್ಯಾಕ್ಸಿ ಓಡಿಸುತ್ತಿದ್ದ ಆರ್ಚಿ ಪ್ರಜ್ಞೆ ತಪ್ಪಿದ ಪ್ರಯಾಣಿಕಳೊಬ್ಬಳ ಬಾಯಿಗೆ ಬಾಯಿಟ್ಟು ಉಸಿರು ತುಂಬಿ ಜೀವ ಉಳಿಸುತ್ತಾನೆ. ಕೃತಜ್ಞತೆ ಹೇಳಲು ಮನೆಗೆ ಬಂದವರು ಬೆವರ್ಲಿ ಲಸಾಲ್, ಸ್ತ್ರೀವೇಷದ ಕಲಾವಿದ. ಅದೇ ವೃತ್ತಿಯ ಲೋರಿ ಶಾನನ್ ಈ ಪಾತ್ರ ಮಾಡಿದರು. ಆರ್ಚಿಗೆ ಒಂದು ಜೀವ ಉಳಿಸಿದ ಸಂತೋಷಕ್ಕಿಂತ ಬಾರಿನ ಗೆಳೆಯರಿಗೆ ಗೊತ್ತಾದರೆ ಎಂಬ ದಿಗಿಲೇ ದೊಡ್ಡದು. ಮರುವರ್ಷ ಬೆವರ್ಲಿ ಮತ್ತೆ ಬಂದಾಗ, ಗೆಳೆಯನೊಬ್ಬನನ್ನು ಬೇಸ್ತು ಬೀಳಿಸಲು ಅದೇ ವೇಷವನ್ನು ಆರ್ಚಿ ಬಳಸಿಕೊಳ್ಳುತ್ತಾನೆ. ಅವನ ಹೆಂಡತಿ ಎಡಿತ್ ಮಾತ್ರ ಬೆವರ್ಲಿಯನ್ನು ಮನಸಾರೆ ಸ್ನೇಹಿತರನ್ನಾಗಿ ಮಾಡಿಕೊಳ್ಳುತ್ತಾಳೆ. 1977ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಬೀದಿಯಲ್ಲಿ ದುಷ್ಕರ್ಮಿಗಳು ಬೆವರ್ಲಿಯನ್ನು ಕೊಂದಾಗ ಎಡಿತ್‌ಳ ದೈವಭಕ್ತಿಯೇ ಕುಸಿಯುತ್ತದೆ. ಅವಳಿಗೆ ಮತ್ತೆ ದಾರಿ ತೋರಿಸುವವನು ದೇವರನ್ನೇ ನಂಬದ ಅಳಿಯ. ನಗಿಸಲು ಬಂದ ಪಾತ್ರದ ಸಾವಿಗೆ ಮನೆ ಶೋಕಿಸುವಂತೆ ಮಾಡಿದ್ದು ಆ ಕಾಲದ ಟಿವಿಯಲ್ಲಿ ಸಣ್ಣ ಧೈರ್ಯವಲ್ಲ.

ಆದರೆ ಆರ್ಚಿಯ ಮನೋಭಾವ ಪೂರ್ತಿಯಾಗಿ ಬಯಲಾಗುವುದು ಅದಕ್ಕಿಂತ ಎರಡು ತಿಂಗಳು ಹಿಂದೆ, 1977ರ ಅಕ್ಟೋಬರ್ 9ರ ಕಂತಿನಲ್ಲಿ. ಎಡಿತ್‌ಳ ಸೋದರಸಂಬಂಧಿ ಲಿಜ್ ಎಂಬ ಶಿಕ್ಷಕಿ ತೀರಿಕೊಂಡಿದ್ದಾಳೆ. ರಕ್ತಸಂಬಂಧದ ಲೆಕ್ಕದಲ್ಲಿ ಅವಳ ಬೆಳ್ಳಿಯ ಟೀ ಸೆಟ್ಟು ಎಡಿತ್‌ಗೆ ಸೇರಬೇಕು. ಲಿಜ್‌ಳೊಡನೆ ಒಂದೇ ಮನೆಯಲ್ಲಿ ಬಾಳಿದ, ಅವಳಂತೆಯೇ ಶಿಕ್ಷಕಿಯಾದ ವೆರೋನಿಕಾ ಅದನ್ನು ತಾನಿಟ್ಟುಕೊಳ್ಳಲೇ ಎಂದು ಕೇಳುತ್ತಾಳೆ. ಏಕೆಂದು ಕೇಳಿದಾಗ, ತಾವಿಬ್ಬರೂ ಮದುವೆಯಾದವರಂತೆ ಬಾಳಿದೆವು ಎಂದು ಹೇಳಬೇಕಾಗುತ್ತದೆ. ಎಡಿತ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅರ್ಥವಾದಾಗ ಅವಳಿಗೆ ತೋಚುವುದು, ಪ್ರೀತಿಸಿಯೂ ಅದನ್ನು ಯಾರೊಡನೆಯೂ ಹೇಳಿಕೊಳ್ಳಲಾಗದ ಬದುಕು ಎಷ್ಟು ಕಷ್ಟದ್ದಿರಬೇಕು ಎಂಬುದೊಂದೇ.

ಆರ್ಚಿಗೆ ತೋಚುವುದು ಬೇರೆ. ಬೆಲೆಬಾಳುವ ವಸ್ತು ಕೈತಪ್ಪುತ್ತಿದೆ, ಕೋರ್ಟಿಗೆ ಹೋದರೆ ಗೆಲುವು ತನ್ನದೇ. ಇಂಥವರು ಮಕ್ಕಳಿಗೆ ಪಾಠ ಹೇಳುವುದೇ ಎಂಬ ಸಿಟ್ಟು, ದೇವರು ಮೆಚ್ಚುವುದಿಲ್ಲ ಎಂಬ ಮಾತು, ಇವೆಲ್ಲ ಆ ದುರಾಸೆಯ ಬೆನ್ನಿಗೆ ಬಂದು ನಿಲ್ಲುತ್ತವೆ. 1971ರಲ್ಲಿ ಅವನದು ಬರೀ ಬಾಯಿಮಾತಾಗಿತ್ತು. ಈಗ ಕಾನೂನು ಅವನ ಪರವಾಗಿದೆ, ಬಾಯಿಬಿಟ್ಟರೆ ಎದುರಿಗಿರುವ ಶಿಕ್ಷಕಿಯ ಕೆಲಸ ಹೋಗುತ್ತದೆ ಎಂಬುದು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು. ಅವನನ್ನು ತಡೆಯುವುದು ಯಾವ ವಾದವೂ ಅಲ್ಲ. ಎಂದೂ ಎದುರಾಡದ ಎಡಿತ್, ನೀನು ಇಷ್ಟು ಕೆಟ್ಟ ಕೆಲಸ ಮಾಡುವವನೆಂದು ನನಗೆ ನಂಬಲಾಗದು ಎಂಬಂತೆ ಅವನೆದುರು ನಿಲ್ಲುತ್ತಾಳೆ. ಆರ್ಚಿ ಬದಲಾಗದೆಯೇ ಹಿಂದೆ ಸರಿಯುತ್ತಾನೆ. ಈ ಕಂತಿನ ಬರವಣಿಗೆಗೆ 1978ರಲ್ಲಿ ಎಮ್ಮಿ ಪ್ರಶಸ್ತಿ ಬಂತು.

ವೆರೋನಿಕಾಳ ಭಯ ಕಥೆಗಾಗಿ ಕಟ್ಟಿದ್ದಲ್ಲ. ಆ ವರ್ಷದ ಜೂನ್ 7ರಂದು ಫ್ಲಾರಿಡಾದ ಡೇಡ್ ಕೌಂಟಿಯಲ್ಲಿ, ಗಾಯಕಿ ಅನಿಟಾ ಬ್ರಯಂಟ್ ನಡೆಸಿದ ಪ್ರಚಾರದ ಫಲವಾಗಿ, ಸಲಿಂಗಿಗಳಿಗೆ ಉದ್ಯೋಗ ಮತ್ತು ವಸತಿಯಲ್ಲಿ ರಕ್ಷಣೆ ಕೊಟ್ಟಿದ್ದ ಕಾಯಿದೆಯನ್ನು ಮತದಾರರು ರದ್ದುಮಾಡಿದ್ದರು. ಮಕ್ಕಳನ್ನು ಕಾಪಾಡಿ ಎಂಬುದೇ ಅದರ ಘೋಷಣೆಯಾಗಿತ್ತು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಬ್ರಿಗ್ಸ್ ಎಂಬ ಶಾಸಕ, ಸಲಿಂಗಿಗಳು ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಬಾರದೆಂಬ ಪ್ರಸ್ತಾವವನ್ನು ಮತಕ್ಕಿಟ್ಟ. ಅದನ್ನು ವಿರೋಧಿಸಿದವರಲ್ಲಿ ಆ ರಾಜ್ಯದ ಮಾಜಿ ಗವರ್ನರ್, ಸಂಪ್ರದಾಯವಾದಿಗಳ ನೆಚ್ಚಿನ ನಾಯಕ ರೊನಾಲ್ಡ್ ರೇಗನ್ ಕೂಡ ಇದ್ದರು. 1978ರ ನವೆಂಬರ್ 7ರಂದು ಪ್ರಸ್ತಾವ ಸೋತಿತು. ಕ್ಯಾಲಿಫೋರ್ನಿಯಾದ ವೆರೋನಿಕಾರಂಥವರು ಮರುದಿನವೂ ತಮ್ಮ ತರಗತಿಗೆ ಹೋಗಿ ಪಾಠ ಮಾಡಲು ಸಾಧ್ಯವಾಯಿತು.